ಬ್ರೌಸರ್ ಕೇಳಿದ್ದೊಂದು, ಸರ್ವರ್ ಕೊಟ್ಟಿದ್ದೊಂದು: ಪಿಎಚ್‌ಪಿಯಲ್ಲಿ ಕಂಟೆಂಟ್ ನೆಗೋಷಿಯೇಷನ್

ಮಿನಿ ಪ್ರಾಜೆಕ್ಟ್ ಡೆಮೋ ಹತ್ತಿರ ಬಂದಾಗ ಲ್ಯಾಬ್‌ನಲ್ಲಿ ಒಬ್ಬರಲ್ಲ ಒಬ್ಬರ ಸ್ಕ್ರೀನ್ ಮೇಲೆ ಕಾಣಿಸೋ ಎರರ್ ಇದು: "ಅನ್‌ಎಕ್ಸ್‌ಪೆಕ್ಟೆಡ್ ಟೋಕನ್ <". ಜಾವಾಸ್ಕ್ರಿಪ್ಟ್ ಜೆಸನ್ ಬರುತ್ತೆ ಅಂತ ಕಾಯ್ತಾ ಕೂತಿತ್ತು, ಸರ್ವರ್ ಎಚ್‌ಟಿಎಂಎಲ್ ಪುಟ ಕಳಿಸಿಬಿಟ್ಟಿತು. ಆ < ಚಿಹ್ನೆ ಅಂದ್ರೆ ಎಚ್‌ಟಿಎಂಎಲ್ ಪುಟದ ಮೊದಲ ಅಕ್ಷರ, ಅಷ್ಟೇ.

ಇನ್ನೊಂದು ಸಮಸ್ಯೆ ನೋಡಿ. ಫೋನ್‌ನ ಭಾಷೆ ಕನ್ನಡ ಅಂತ ಸೆಟ್ ಮಾಡಿರೋರು ಒಂದು ಸೈಟ್ ತೆರೀತಾರೆ. ಆ ಸೈಟ್‌ನಲ್ಲಿ ಕನ್ನಡ ಪುಟಗಳೂ ಇವೆ. ಆದರೂ ತೆರೆದುಕೊಳ್ಳೋದು ಇಂಗ್ಲಿಷ್ ಪುಟ. ಕನ್ನಡದ ಲಿಂಕ್ ಎಲ್ಲೋ ಕೆಳಗೆ ಮೂಲೆಯಲ್ಲಿ.

ಮೇಲ್ನೋಟಕ್ಕೆ ಇವೆರಡಕ್ಕೂ ಸಂಬಂಧ ಇಲ್ಲ ಅನ್ನಿಸುತ್ತೆ. ಆದರೆ ಬೇರು ಒಂದೇ. ತನಗೆ ಏನು ಬೇಕು ಅಂತ ಬ್ರೌಸರ್ ಪ್ರತಿ ರಿಕ್ವೆಸ್ಟ್‌ನಲ್ಲೂ ಹೇಳಿರುತ್ತೆ, ನಮ್ಮ ಕೋಡ್ ಅದನ್ನು ಓದೋದೇ ಇಲ್ಲ. ಈ ಕೇಳಿ ಕೊಡುವ ವ್ಯವಹಾರದ ಹೆಸರೇ ಕಂಟೆಂಟ್ ನೆಗೋಷಿಯೇಷನ್. ಎಚ್‌ಟಿಟಿಪಿಯಲ್ಲಿ ಇದು ಹಳೇ ವಿಷಯ. 1999ರ ಆರ್‌ಎಫ್‌ಸಿ 2616ರಲ್ಲೂ ಇತ್ತು, 2022ರಲ್ಲಿ ಬಂದ ಆರ್‌ಎಫ್‌ಸಿ 9110ರಲ್ಲೂ ಇದೆ.

ಒಂದು ಮಾತು ಮೊದಲೇ ಹೇಳಿಬಿಡ್ತೀವಿ. ಹೆಡರ್, ಫಂಕ್ಷನ್ ಹೆಸರುಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಬರೆದಿದೆ. ಕೋಡ್‌ನಲ್ಲಿ ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳನ್ನೇ ಬಳಸಬೇಕು.

ದರ್ಶಿನಿ ಕೌಂಟರ್‌ನಲ್ಲಿ ನಡೆಯೋದೂ ಇದೇ

"ಮಸಾಲೆ ದೋಸೆ ಇದ್ರೆ ಅದು ಕೊಡಿ. ಇಲ್ಲ ಅಂದ್ರೆ ಸೆಟ್ ದೋಸೆ. ಅದೂ ಇಲ್ಲ ಅಂದ್ರೆ ಏನಿದ್ಯೋ ಅದೇ ಕೊಡಿ. ಉಪ್ಪಿಟ್ಟು ಮಾತ್ರ ಬೇಡ." ದರ್ಶಿನಿಯಲ್ಲಿ ಹೀಗೆ ಕೇಳಿದ್ರೆ ಕೌಂಟರ್‌ನವರಿಗೆ ಪೂರ್ತಿ ಅರ್ಥ ಆಗುತ್ತೆ. ಬ್ರೌಸರ್ ಕೂಡ ಹೀಗೇ ಕೇಳುತ್ತೆ, ಆದ್ಯತೆಯನ್ನು ಮಾತ್ರ ಅಂಕಿಯಲ್ಲಿ ಹೇಳುತ್ತೆ. ಆ ಅಂಕಿಯ ಹೆಸರು ಕ್ಯೂ ವ್ಯಾಲ್ಯೂ. 0ಯಿಂದ 1ರವರೆಗೆ ಇರಬಹುದು. ಬರೆಯದೇ ಬಿಟ್ರೆ 1 ಅಂತ ಅರ್ಥ. 0 ಅಂದ್ರೆ ಉಪ್ಪಿಟ್ಟು, ಬೇಡವೇ ಬೇಡ.

ಮುಖ್ಯವಾಗಿ ಮೂರು ಹೆಡರ್‌ಗಳು ಈ ಕೆಲಸಕ್ಕಿವೆ. ಯಾವ ಫಾರ್ಮ್ಯಾಟ್ ಬೇಕು ಅಂತ ಹೇಳೋದು ಆಕ್ಸೆಪ್ಟ್. ಯಾವ ಭಾಷೆ ಅನ್ನೋದು ಆಕ್ಸೆಪ್ಟ್-ಲ್ಯಾಂಗ್ವೇಜ್. ಜಿಜಿಪ್ ತರಹದ ಕಂಪ್ರೆಷನ್ ಯಾವುದು ಆಗುತ್ತೆ ಅನ್ನೋದು ಆಕ್ಸೆಪ್ಟ್-ಎನ್‌ಕೋಡಿಂಗ್. ಮೂರನೆಯದನ್ನು ಸಾಮಾನ್ಯವಾಗಿ ಅಪಾಚೆ ಅಥವಾ ಎಂಜಿನ್‌ಎಕ್ಸ್ ಸರ್ವರೇ ನೋಡಿಕೊಳ್ಳುತ್ತೆ. ಮೊದಲೆರಡು ನಮ್ಮ ತಲೆನೋವು.

ಕನ್ನಡ ಆಯ್ಕೆ ಮಾಡಿದ ಬ್ರೌಸರ್ ಕಳಿಸೋ ಸಾಲು ಸುಮಾರು ಹೀಗಿರುತ್ತೆ:

ಆಕ್ಸೆಪ್ಟ್-ಲ್ಯಾಂಗ್ವೇಜ್: ಕೆಎನ್-ಐಎನ್, ಕೆಎನ್;ಕ್ಯೂ=0.9, ಇಎನ್;ಕ್ಯೂ=0.5

ಅಂದ್ರೆ, "ಭಾರತದ ಕನ್ನಡ ಇದ್ರೆ ಅದು, ಇಲ್ಲದಿದ್ರೆ ಯಾವ ಕನ್ನಡ ಆದ್ರೂ ಸರಿ, ಅದೂ ಇಲ್ಲದಿದ್ರೆ ಇಂಗ್ಲಿಷ್."

ಪಿಎಚ್‌ಪಿಯಲ್ಲಿ ಓದೋದು ಹೇಗೆ?

ಈ ಸಾಲು $_ಸರ್ವರ್ ಅರೇಯಲ್ಲಿ ಎಚ್‌ಟಿಟಿಪಿ_ಆಕ್ಸೆಪ್ಟ್_ಲ್ಯಾಂಗ್ವೇಜ್ ಅನ್ನೋ ಕೀ ಕೆಳಗೆ ಸಿಗುತ್ತೆ. ಎಲ್ಲ ಕ್ಲೈಂಟ್‌ಗಳೂ ಈ ಹೆಡರ್ ಕಳಿಸಲೇಬೇಕು ಅಂತ ಇಲ್ಲ. ಹಾಗಾಗಿ ?? ಆಪರೇಟರ್ ಬಳಸಿ ಖಾಲಿ ಸ್ಟ್ರಿಂಗ್ ಅನ್ನು ಡೀಫಾಲ್ಟ್ ಆಗಿ ಕೊಡಿ. ಆಮೇಲಿನ ಹೆಜ್ಜೆಗಳು:

1. ಕಾಮಾ ಇರೋ ಕಡೆ ಎಕ್ಸ್‌ಪ್ಲೋಡ್ ಮಾಡಿ, ಪ್ರತಿ ತುಂಡನ್ನೂ ಟ್ರಿಮ್ ಮಾಡಿ.
2. ಸೆಮಿಕೋಲನ್ ನಂತರದ ಕ್ಯೂ ಬೆಲೆ ತೆಗೆದುಕೊಳ್ಳಿ. ಇಲ್ಲದಿದ್ರೆ 1.
3. ಕ್ಯೂ 0 ಇರೋದನ್ನು ಪಟ್ಟಿಯಿಂದ ತೆಗೆದುಹಾಕಿ.
4. ದೊಡ್ಡದರಿಂದ ಚಿಕ್ಕದಕ್ಕೆ ಸಾರ್ಟ್ ಮಾಡಿ.
5. ಒಂದೊಂದನ್ನೇ ನಿಮ್ಮ ಸೈಟ್‌ನಲ್ಲಿರೋ ಭಾಷೆಗಳ ಪಟ್ಟಿ ಜೊತೆ ಹೋಲಿಸಿ. ಕೆಎನ್-ಐಎನ್ ಸಿಗದಿದ್ರೆ ಹಿಂದಿನ ತುಂಡು ಕತ್ತರಿಸಿ ಕೆಎನ್ ಇದ್ಯಾ ನೋಡಿ.
6. ಯಾವುದೂ ಹೊಂದದಿದ್ರೆ ಡೀಫಾಲ್ಟ್ ಭಾಷೆ.

ನೋಡೋಕೆ ಸುಲಭ, ಆದರೆ ನಾಲ್ಕನೇ ಹೆಜ್ಜೆಯಲ್ಲಿ ಎರಡು ಗುಂಡಿಗಳಿವೆ. ಯೂಸಾರ್ಟ್ ಫಂಕ್ಷನ್‌ಗೆ ಕೊಡೋ ಕಾಲ್‌ಬ್ಯಾಕ್‌ನಲ್ಲಿ ಎರಡು ಕ್ಯೂ ಬೆಲೆಗಳನ್ನು ಸುಮ್ಮನೆ ಕಳೆದು ರಿಟರ್ನ್ ಮಾಡಿದ್ರೆ, 0.9ರಿಂದ 0.5 ಕಳೆದು 0.4 ಬರುತ್ತೆ. ಪಿಎಚ್‌ಪಿ ಅದನ್ನು ಇಂಟಿಜರ್ ಮಾಡುತ್ತೆ, ಆಗ ಅದು 0. ಎರಡೂ ಸಮ ಅಂತಾಯ್ತು! ಇದಕ್ಕೆ <=> ಆಪರೇಟರ್ ಬಳಸಿ. ಎರಡನೇ ಗುಂಡಿ: ಒಂದೇ ಕ್ಯೂ ಬೆಲೆ ಇರೋ ಎರಡು ಭಾಷೆ ಬಂದ್ರೆ ಮೊದಲು ಬಂದದ್ದು ಮೊದಲೇ ಉಳಿಯಲಿ ಅಂತ ನಾವು ಅಂದುಕೊಳ್ತೀವಿ. ಪಿಎಚ್‌ಪಿ 8.0ಕ್ಕಿಂತ ಮುಂಚೆ ಆ ಭರವಸೆ ಇರಲಿಲ್ಲ. 8.0ರಿಂದ ಸಾರ್ಟಿಂಗ್ ಸ್ಟೇಬಲ್ ಆಗಿದೆ.

ಇನ್ನೂ ಮುಖ್ಯವಾದ ಮಾತು ಸೆಕ್ಯುರಿಟಿದು. ಹೆಡರ್ ಅಂದ್ರೆ ಹೊರಗಿನಿಂದ ಬಂದ ಇನ್‌ಪುಟ್, ಯಾರು ಏನು ಬೇಕಾದ್ರೂ ತುಂಬಿ ಕಳಿಸಬಹುದು. ಅದರಲ್ಲಿ ಬಂದ ಸ್ಟ್ರಿಂಗನ್ನೇ ಫೈಲ್ ಹೆಸರಿಗೆ ಅಂಟಿಸಿ ಇನ್‌ಕ್ಲೂಡ್ ಮಾಡಿದ್ರೆ, ಸರ್ವರ್‌ನ ಬೇರೆ ಫೈಲ್‌ಗಳಿಗೂ ಬಾಗಿಲು ತೆರೆದಂತೆ. ಹೆಡರ್‌ನಿಂದ ಬಂದದ್ದನ್ನು ಹೋಲಿಕೆಗೆ ಮಾತ್ರ ಬಳಸಿ. ಫೈಲ್ ಹೆಸರು ಯಾವಾಗಲೂ ನಿಮ್ಮ ಪಟ್ಟಿಯಿಂದಲೇ ಬರಲಿ.

ರೆಡಿಮೇಡ್ ಫಂಕ್ಷನ್‌ಗಳಿಲ್ವಾ?

ಇವೆ. ಇಂಟ್ಲ್ ಎಕ್ಸ್‌ಟೆನ್ಷನ್‌ನಲ್ಲಿ ಲೊಕೇಲ್::ಆಕ್ಸೆಪ್ಟ್‌ಫ್ರಮ್‌ಎಚ್‌ಟಿಟಿಪಿ ಅಂತ ಒಂದಿದೆ. ಹೆಸರು ಆಕರ್ಷಕ, ಆದರೆ ಅದಕ್ಕೆ ನಿಮ್ಮ ಸೈಟ್‌ನಲ್ಲಿ ಯಾವ ಭಾಷೆಗಳಿವೆ ಅಂತ ಗೊತ್ತಿಲ್ಲ. ಐಸಿಯು ಲೈಬ್ರರಿಗೆ ಗೊತ್ತಿರೋ ಎಲ್ಲ ಭಾಷೆಗಳಲ್ಲಿ ಒಂದನ್ನು ಆರಿಸುತ್ತೆ. ಒಬ್ಬರು ಮೊದಲು ತುಳು, ಆಮೇಲೆ ಕನ್ನಡ ಅಂತಲೋ, ಮೊದಲು ಫ್ರೆಂಚ್, ಆಮೇಲೆ ಕನ್ನಡ ಅಂತಲೋ ಸೆಟ್ ಮಾಡಿಕೊಂಡಿದ್ದಾರೆ ಅನ್ನಿ. ಎರಡನೇ ಉದಾಹರಣೆಯಲ್ಲಿ ಫಂಕ್ಷನ್ ಫ್ರೆಂಚ್ ಅನ್ನುತ್ತೆ. ನಿಮ್ಮಲ್ಲಿ ಫ್ರೆಂಚ್ ಇಲ್ಲ, ಹಾಗಾಗಿ ಇಂಗ್ಲಿಷ್‌ಗೆ ಹೋಗ್ತೀರಿ. ಎರಡನೇ ಆಯ್ಕೆಯಾದ ಕನ್ನಡ ನಡುವೆ ಕಳೆದುಹೋಯ್ತು.

ಸಿಂಫನಿಯ ರಿಕ್ವೆಸ್ಟ್ ಆಬ್ಜೆಕ್ಟ್‌ನಲ್ಲಿರೋ ಗೆಟ್‌ಪ್ರಿಫರ್ಡ್‌ಲ್ಯಾಂಗ್ವೇಜ್ ಇದಕ್ಕಿಂತ ವಾಸಿ. ಅದಕ್ಕೆ ನಿಮ್ಮ ಭಾಷೆಗಳ ಪಟ್ಟಿ ಕೊಡ್ತೀರಿ, ಅದರೊಳಗಿನದ್ದನ್ನೇ ಅದು ಆರಿಸುತ್ತೆ. ಏನೂ ಹೊಂದದಿದ್ರೆ ಪಟ್ಟಿಯ ಮೊದಲನೆಯದು ವಾಪಸ್ ಬರುತ್ತೆ. ಅಂದ್ರೆ ಮೊದಲ ಜಾಗಕ್ಕೆ ಯಾವ ಭಾಷೆ ಬರೀತೀರಿ ಅನ್ನೋದೇ ನಿಮ್ಮ ಸೈಟ್‌ನ ನಿಲುವು. ಲಾರಾವೆಲ್‌ನ ರಿಕ್ವೆಸ್ಟ್ ಕ್ಲಾಸ್ ಸಿಂಫನಿಯದ್ದನ್ನೇ ಎಕ್ಸ್‌ಟೆಂಡ್ ಮಾಡೋದ್ರಿಂದ ಅಲ್ಲೂ ಇದು ಸಿಗುತ್ತೆ.

ಜೆಸನ್ನೋ, ಎಚ್‌ಟಿಎಂಎಲ್ಲೋ?

ಈಗ ಮೊದಲ ಎರರ್‌ಗೆ ಬರೋಣ. ಲಾರಾವೆಲ್‌ನಲ್ಲಿ ಎಪಿಐ ಬರೆದು ಟೆಸ್ಟ್ ಮಾಡುವಾಗ, ವ್ಯಾಲಿಡೇಷನ್ ಫೇಲಾದ್ರೆ 422 ಬರಬೇಕಿತ್ತು, ಬದಲಿಗೆ ಹೋಮ್ ಪೇಜ್ ಬಂತು ಅಂತ ತಲೆ ಕೆರೆದುಕೊಳ್ಳೋರು ಬಹಳ ಜನ. ಕಾರಣ ಇಷ್ಟೇ: ರಿಕ್ವೆಸ್ಟ್‌ನಲ್ಲಿ ಆಕ್ಸೆಪ್ಟ್: ಅಪ್ಲಿಕೇಶನ್/ಜೆಸನ್ ಇರಲಿಲ್ಲ. ಲಾರಾವೆಲ್ ಎಕ್ಸ್‌ಪೆಕ್ಟ್ಸ್‌ಜೆಸನ್ ಫಂಕ್ಷನ್‌ನಿಂದ ಹೆಡರ್ ನೋಡಿ, ಇವರು ಬ್ರೌಸರ್‌ನಲ್ಲಿ ಫಾರ್ಮ್ ತುಂಬಿದೋರು ಅಂತ ತಿಳಿದು ಹಿಂದಿನ ಪುಟಕ್ಕೆ ರಿಡೈರೆಕ್ಟ್ ಮಾಡಿತು. ಜಾವಾಸ್ಕ್ರಿಪ್ಟ್‌ನ ಫೆಚ್ ತಾನಾಗಿ ಕಳಿಸೋದು */*, ಅಂದ್ರೆ "ಏನಿದ್ಯೋ ಕೊಡಿ". ಜೆಸನ್ ಬೇಕಿದ್ರೆ ಬಾಯಿಬಿಟ್ಟು ಕೇಳಬೇಕು.

ಸರ್ವರ್ ಕಡೆ ಮಾಡೋ ತಪ್ಪು ಇನ್ನೊಂದು ಥರ. ಆಕ್ಸೆಪ್ಟ್ ಸಾಲಿನಲ್ಲಿ "ಎಕ್ಸ್‌ಎಂಎಲ್" ಅನ್ನೋ ಪದ ಇದ್ಯಾ ಅಂತ ಸ್ಟ್ರಿಂಗ್ ಹುಡುಕಿ, ಇದ್ರೆ ಎಕ್ಸ್‌ಎಂಎಲ್ ಕೊಡೋದು. ಕ್ರೋಮ್ ಸಾಮಾನ್ಯ ಪುಟ ತೆರೆಯುವಾಗ ಮೊದಲು ಟೆಕ್ಸ್ಟ್/ಎಚ್‌ಟಿಎಂಎಲ್ ಕೇಳಿ, ಅದರ ಹಿಂದೆ 0.9 ಆದ್ಯತೆಯಲ್ಲಿ ಅಪ್ಲಿಕೇಶನ್/ಎಕ್ಸ್‌ಎಂಎಲ್ ಅನ್ನೂ ಕೇಳುತ್ತೆ. ಪದ ಹುಡುಕೋ ಕೋಡ್ ಎಲ್ಲ ಬ್ರೌಸರ್‌ಗೂ ಎಕ್ಸ್‌ಎಂಎಲ್ ಬಡಿಸಿಬಿಡುತ್ತೆ. ಪದ ಇದ್ಯಾ ಅನ್ನೋದಲ್ಲ, ಎಷ್ಟನೇ ಆದ್ಯತೆ ಅನ್ನೋದು ಮುಖ್ಯ.

ಕೇಳಿದ ಫಾರ್ಮ್ಯಾಟ್ ನಿಮ್ಮಲ್ಲಿ ಇಲ್ಲವೇ ಇಲ್ಲ ಅಂದ್ರೆ 406 ನಾಟ್ ಆಕ್ಸೆಪ್ಟಬಲ್ ಕಳಿಸಬಹುದು. ಇದನ್ನು 415ರ ಜೊತೆ ಬೆರೆಸಬೇಡಿ. ಕ್ಲೈಂಟ್ ಕೇಳಿದ್ದು ನಮ್ಮಲ್ಲಿಲ್ಲ ಅನ್ನೋದು 406. ಕ್ಲೈಂಟ್ ಕಳಿಸಿದ್ದು ನಮಗೆ ಅರ್ಥವಾಗಲ್ಲ ಅನ್ನೋದು 415. ಭಾಷೆಯ ವಿಷಯದಲ್ಲಿ ಮಾತ್ರ 406 ಬೇಡ. ಕನ್ನಡ ಇಲ್ಲ ಅಂತ ಬಾಗಿಲು ಹಾಕೋದಕ್ಕಿಂತ ಇರೋ ಭಾಷೆಯಲ್ಲಿ ಪುಟ ಕೊಡೋದು ಮೇಲು. ಮತ್ತೆ, ಎರರ್ ಪುಟಗಳಿಗೂ ಇದೇ ನಿಯಮ. ಡೇಟಾ ಜೆಸನ್‌ನಲ್ಲಿ ಕೊಟ್ಟು 500 ಎರರ್ ಮಾತ್ರ ಎಚ್‌ಟಿಎಂಎಲ್‌ನಲ್ಲಿ ಕೊಟ್ರೆ, ಆ < ಚಿಹ್ನೆ ವಾಪಸ್ ಬಂದೇ ಬರುತ್ತೆ.

ವೇರಿ ಮರೆತರೆ ಎಲ್ಲರಿಗೂ ಒಂದೇ ತಟ್ಟೆ

ಲ್ಯಾಪ್‌ಟಾಪ್‌ನಲ್ಲಿ ಎಲ್ಲ ಸರಿಯಾಗಿ ಓಡಿ, ಹೋಸ್ಟ್ ಮಾಡಿದ ಮೇಲೆ ಕೈಕೊಡೋ ಜಾಗ ಇದು. ಸರ್ವರ್‌ಗೂ ಬ್ರೌಸರ್‌ಗೂ ನಡುವೆ ಕ್ಯಾಶ್ ಇದೆ ಅನ್ನಿ. ಬೆಳಿಗ್ಗೆ ಮೊದಲು ಬಂದವರು ಇಂಗ್ಲಿಷ್ ಕೇಳಿದ್ರು. ಕ್ಯಾಶ್ ಆ ಪುಟವನ್ನು ಯುಆರ್‌ಎಲ್ ಹೆಸರಲ್ಲಿ ಇಟ್ಟುಕೊಂಡಿತು. ಆಮೇಲೆ ಕನ್ನಡ ಕೇಳಿದವರಿಗೂ ಅದೇ ಪುಟ ಹೋಯ್ತು. ನಿಮ್ಮ ಪಿಎಚ್‌ಪಿ ಕೋಡ್‌ವರೆಗೆ ರಿಕ್ವೆಸ್ಟ್ ಬರಲೇ ಇಲ್ಲ, ಹಾಗಾಗಿ ಲಾಗ್‌ನಲ್ಲೂ ಏನೂ ಕಾಣಿಸಲ್ಲ.

ಪರಿಹಾರ: ರೆಸ್ಪಾನ್ಸ್‌ನಲ್ಲಿ ವೇರಿ: ಆಕ್ಸೆಪ್ಟ್-ಲ್ಯಾಂಗ್ವೇಜ್ ಅಂತ ಹೆಡರ್ ಕಳಿಸಿ. "ಈ ಉತ್ತರ ಆ ಹೆಡರ್ ಮೇಲೆ ನಿಂತಿದೆ, ಬೇರೆಯವರಿಗೆ ಕೊಡೋ ಮುಂಚೆ ನೋಡಿ ಕೊಡು" ಅಂತ ಕ್ಯಾಶ್‌ಗೆ ಹೇಳಿದಂತೆ. ಫಾರ್ಮ್ಯಾಟ್ ಕೂಡ ಬದಲಾಗೋದಾದ್ರೆ ಆಕ್ಸೆಪ್ಟ್ ಅನ್ನೂ ಸೇರಿಸಿ. ಪಿಎಚ್‌ಪಿಯ ಹೆಡರ್ ಫಂಕ್ಷನ್ ಒಂದೇ ಹೆಸರಿನ ಹಿಂದಿನ ಹೆಡರನ್ನು ಅಳಿಸಿ ಹೊಸದನ್ನು ಇಡುತ್ತೆ. ಎರಡು ಸಲ ವೇರಿ ಕಳಿಸಿದ್ರೆ ಎರಡನೆಯದು ಮಾತ್ರ ಉಳಿಯುತ್ತೆ. ಎರಡನ್ನೂ ಕಾಮಾ ಹಾಕಿ ಒಂದೇ ಸಾಲಲ್ಲಿ ಬರೆಯಿರಿ, ಇಲ್ಲವೇ ಎರಡನೇ ಆರ್ಗ್ಯುಮೆಂಟ್ ಫಾಲ್ಸ್ ಕೊಡಿ.

ಅಪಾಚೆ ಬಳಸೋರು ಮಲ್ಟಿವ್ಯೂಸ್ ಆಪ್ಷನ್ ಕಡೆಗೂ ಒಮ್ಮೆ ನೋಡಿ. ಅದು ಅಪಾಚೆಯದ್ದೇ ನೆಗೋಷಿಯೇಷನ್. ಸ್ಟ್ಯಾಟಿಕ್ ಫೈಲ್‌ಗಳಿಗೆ ಚೆನ್ನಾಗಿದೆ. ಆದರೆ ಎಲ್ಲ ರಿಕ್ವೆಸ್ಟೂ ಒಂದೇ ಇಂಡೆಕ್ಸ್ ಫೈಲ್‌ಗೆ ಬರೋ ಫ್ರೇಮ್‌ವರ್ಕ್‌ನಲ್ಲಿ, ರೂಟರ್‌ಗಿಂತ ಮುಂಚೆ ಅಪಾಚೆ ಅದೇ ಹೆಸರಿನ ಫೈಲ್ ಹುಡುಕಿ ಕೊಟ್ಟುಬಿಡಬಹುದು. ಲಾರಾವೆಲ್ ಜೊತೆ ಬರೋ ಎಚ್‌ಟಿಆಕ್ಸೆಸ್ ಫೈಲ್‌ನಲ್ಲಿ ಮಲ್ಟಿವ್ಯೂಸ್ ಆಫ್ ಮಾಡಿರೋದು ಇದಕ್ಕೇ.

ಹೆಡರ್ ಒಂದನ್ನೇ ನಂಬಬೇಡಿ

ನಮ್ಮಲ್ಲಿ ಕನ್ನಡ ಓದೋ ಎಷ್ಟೋ ಜನರ ಫೋನ್ ಇಂಗ್ಲಿಷ್‌ನಲ್ಲೇ ಇರುತ್ತೆ. ಅವರ ಹೆಡರ್ ಇಂಗ್ಲಿಷ್ ಅನ್ನುತ್ತೆ, ಮನಸ್ಸು ಕನ್ನಡ ಅನ್ನಬಹುದು. ಲ್ಯಾಬ್ ಕಂಪ್ಯೂಟರ್ ಅಂತೂ ಯಾರದ್ದೂ ಅಲ್ಲ. ಜೊತೆಗೆ, ಗೂಗಲ್‌ನ ಕ್ರಾಲರ್ ಆಕ್ಸೆಪ್ಟ್-ಲ್ಯಾಂಗ್ವೇಜ್ ಕಳಿಸೋದೇ ಇಲ್ಲ. ಒಂದೇ ಯುಆರ್‌ಎಲ್‌ನಲ್ಲಿ ಎರಡು ಭಾಷೆ ಇಟ್ರೆ ಅದಕ್ಕೆ ಕಾಣಿಸೋದು ಡೀಫಾಲ್ಟ್ ಪುಟ ಮಾತ್ರ. ನೀವು ಕಷ್ಟಪಟ್ಟು ಬರೆದ ಕನ್ನಡ ಪುಟ ಹುಡುಕಾಟದಲ್ಲಿ ಸಿಗದೇ ಹೋಗಬಹುದು.

ಆದ್ದರಿಂದ ಕ್ರಮ ಹೀಗಿರಲಿ: ಯುಆರ್‌ಎಲ್‌ನಲ್ಲಿ ಭಾಷೆ ಇದ್ರೆ ಅದೇ ಅಂತಿಮ. ಇಲ್ಲದಿದ್ರೆ ಬಳಕೆದಾರರು ಹಿಂದೆ ಆರಿಸಿದ ಕುಕ್ಕಿ. ಅದೂ ಇಲ್ಲದಿದ್ರೆ ಹೆಡರ್. ಕೊನೆಗೆ ಡೀಫಾಲ್ಟ್. ಕನ್ನಡಕ್ಕೂ ಇಂಗ್ಲಿಷ್‌ಗೂ ಬೇರೆ ಬೇರೆ ಯುಆರ್‌ಎಲ್ ಇಡಿ, ಸೈಟ್‌ನ ಮುಖಪುಟದಲ್ಲಿ ಮಾತ್ರ ಹೆಡರ್ ನೋಡಿ ಆಯಾ ಕಡೆಗೆ ಕಳಿಸಿ. ಆ ರಿಡೈರೆಕ್ಟ್ 302 ಆಗಿರಲಿ. 301 ಅಂದ್ರೆ ಶಾಶ್ವತ, ಬ್ರೌಸರ್ ಅದನ್ನು ನೆನಪಿಟ್ಟುಕೊಂಡು ಆಮೇಲೆ ಸರ್ವರನ್ನು ಕೇಳೋದೇ ಇಲ್ಲ. ಭಾಷೆ ಬದಲಿಸೋ ಲಿಂಕ್ ಪುಟದ ಮೇಲ್ಗಡೆ, "ಕನ್ನಡ" ಅಂತ ಕನ್ನಡದಲ್ಲೇ ಇರಲಿ.

ಕನ್ನಡಕ್ಕೆ ಬೇಕಾದ ಎರಡು ಸಣ್ಣ ಕೆಲಸ

ಒಂದು, ಪುಟ ಯಾವ ಭಾಷೆಯದ್ದು ಅಂತ ವಾಪಸ್ ಹೇಳಿ. ರೆಸ್ಪಾನ್ಸ್‌ನಲ್ಲಿ ಕಂಟೆಂಟ್-ಲ್ಯಾಂಗ್ವೇಜ್: ಕೆಎನ್, ಎಚ್‌ಟಿಎಂಎಲ್ ಟ್ಯಾಗ್‌ನಲ್ಲಿ ಲ್ಯಾಂಗ್ ಆಟ್ರಿಬ್ಯೂಟ್. ಕಣ್ಣು ಕಾಣದವರು ಬಳಸೋ ಸ್ಕ್ರೀನ್ ರೀಡರ್‌ಗಳು ಯಾವ ಭಾಷೆಯ ಧ್ವನಿಯಲ್ಲಿ ಓದಬೇಕು ಅಂತ ತಿಳಿಯೋಕೆ ಆ ಆಟ್ರಿಬ್ಯೂಟ್ ನೋಡುತ್ತವೆ. ಟೆಂಪ್ಲೇಟ್‌ನಲ್ಲಿ ಬಂದ ಇಎನ್ ಹಾಗೇ ಉಳಿದ್ರೆ, ಕನ್ನಡ ಪುಟವನ್ನು ಇಂಗ್ಲಿಷ್ ಧ್ವನಿ ಓದೋಕೆ ಹೊರಟು ಏನೂ ತಿಳಿಯದ ಹಾಗೆ ಆಗಬಹುದು.

ಎರಡು, ಜೆಸನ್_ಎನ್‌ಕೋಡ್ ಕನ್ನಡ ಅಕ್ಷರಗಳನ್ನು ಎಸ್ಕೇಪ್ ಮಾಡಿ ಕಳಿಸುತ್ತೆ. "ಕ" ಅನ್ನೋ ಒಂದು ಅಕ್ಷರಕ್ಕೆ ಬ್ಯಾಕ್‌ಸ್ಲ್ಯಾಷ್, ಯು, ಮತ್ತೆ ನಾಲ್ಕು ಹೆಕ್ಸ್ ಅಂಕಿ, ಒಟ್ಟು 6 ಬೈಟ್. ಯುಟಿಎಫ್-8ರಲ್ಲಿ ಅದೇ ಅಕ್ಷರಕ್ಕೆ 3 ಬೈಟ್ ಸಾಕು. ತಪ್ಪೇನಿಲ್ಲ, ಪಾರ್ಸ್ ಮಾಡಿದ್ರೆ ಎರಡೂ ಒಂದೇ. ಆದರೆ ಜೆಸನ್_ಅನ್‌ಎಸ್ಕೇಪ್ಡ್_ಯುನಿಕೋಡ್ ಫ್ಲ್ಯಾಗ್ ಹಾಕಿದ್ರೆ ಗಾತ್ರವೂ ಕಮ್ಮಿ, ಡಿಬಗ್ ಮಾಡುವಾಗ ಕಣ್ಣಿಗೂ ಕನ್ನಡ ಕಾಣುತ್ತೆ.

ಟೆಸ್ಟ್ ಮಾಡಿ ನೋಡಿ

ಕರ್ಲ್‌ನಲ್ಲಿ ದೊಡ್ಡ ಎಚ್ ಆಪ್ಷನ್ ಕೊಟ್ಟು ನಾಲ್ಕು ಸಲ ಅದೇ ಯುಆರ್‌ಎಲ್ ಕೇಳಿ: ಕನ್ನಡ ಮಾತ್ರ, ಮೊದಲು ಫ್ರೆಂಚ್ ಆಮೇಲೆ ಕನ್ನಡ, ಕನ್ನಡಕ್ಕೆ ಕ್ಯೂ 0, ಕೊನೆಗೆ ಹೆಡರ್ ಇಲ್ಲದೆ. ಬರಬೇಕಾದ ಉತ್ತರ ಕ್ರಮವಾಗಿ ಕನ್ನಡ, ಕನ್ನಡ, ಇಂಗ್ಲಿಷ್, ಡೀಫಾಲ್ಟ್. ಪ್ರತಿ ಉತ್ತರದಲ್ಲೂ ವೇರಿ ಇದ್ಯಾ ನೋಡಿ. ಎಲ್ಲ ಸೇರಿ ಅರ್ಧ ಗಂಟೆ ಕೆಲಸ.

ಕ್ಲಬ್ ಸೈಟೋ, ಫೆಸ್ಟ್ ರಿಜಿಸ್ಟ್ರೇಷನ್ನೋ, ಫೈನಲ್ ಇಯರ್ ಪ್ರಾಜೆಕ್ಟೋ, ಮುಂದೆ ನೀವು ಕಟ್ಟೋ ಯಾವುದೇ ಸೈಟ್‌ಗೂ ಕನ್ನಡ ಕೇಳೋ ರಿಕ್ವೆಸ್ಟ್ ಒಂದಾದ್ರೂ ಬರುತ್ತೆ. ಕೇಳಿದವರಿಗೆ ಸಿಗದೇ ಹೋದ್ರೆ ಅವರು ದೂರು ಕೊಡಲ್ಲ, ಸುಮ್ಮನೆ ಫೋನ್ ಭಾಷೆ ಇಂಗ್ಲಿಷ್‌ಗೆ ಬದಲಿಸಿಕೊಳ್ತಾರೆ. ಆಮೇಲೆ "ಕನ್ನಡ ಯಾರೂ ಕೇಳ್ತಾನೇ ಇಲ್ಲ" ಅಂತ ನಾವೇ ಹೇಳ್ತೀವಿ. ಮೊದಲು ಕೇಳಿಸಿಕೊಳ್ಳೋ ಕೋಡ್ ಬರೆಯೋಣ.