ಕಾಯುವ ಸವಾರನೂ ಕಾಯುವ ಯಂತ್ರವೂ

ನಮ್ಮ ಕನ್ನಡದಲ್ಲಿ ‘ಕಾಯು’ ಎಂಬ ಧಾತುವಿಗೆ ಹಲವು ಅರ್ಥಗಳುಂಟು. ಎದುರುನೋಡುತ್ತ ನಿಲ್ಲುವುದೂ ಕಾಯುವುದೇ; ಬಿಸಿಯಾಗುವುದೂ ಕಾಯುವುದೇ; ಸಂರಕ್ಷಿಸುವುದೂ ಕಾಯುವುದೇ. ಪಾಠಶಾಲೆಯಲ್ಲಿ ನಾನಾರ್ಥಪದಗಳನ್ನು ಬೋಧಿಸುವಾಗ ಈ ಶಬ್ದಕ್ಕೆ ನಾವು ಬೇರೆ ಬೇರೆ ಉದಾಹರಣೆಗಳನ್ನು ಕೊಡುತ್ತಿದ್ದೆವು. ಈಗಲಾದರೋ ಅಷ್ಟು ಶ್ರಮವೇ ಬೇಕಿಲ್ಲ. ವೈಶಾಖಮಾಸದ ಮಧ್ಯಾಹ್ನದಲ್ಲಿ ವಾಹನಗಳ ಸಾಲಿನ ನಡುವೆ ಸಿಕ್ಕಿಬಿದ್ದ ಒಂದು ಮೋಟಾರು ಸೈಕಲನ್ನು ತೋರಿಸಿದರೆ ಸಾಕು. ಅಲ್ಲಿ ಸವಾರನು ದಾರಿಗಾಗಿ ಕಾಯುತ್ತಾನೆ, ಅವನ ಕೆಳಗೆ ಯಂತ್ರವು ಕಾಯುತ್ತದೆ. ಇವೆರಡಕ್ಕೂ ಇರುವ ಸಂಬಂಧವೇನು, ಅದರಿಂದ ಗೃಹಸ್ಥನಿಗೆ ಒದಗುವ ಹಾನಿಯೇನು, ಅದನ್ನು ನಿವಾರಿಸುವ ಬಗೆ ಯಾವುದು ಎಂಬುದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ನಮ್ಮ ಕೊಕ್ಕಡವು ದೊಡ್ಡ ಪಟ್ಟಣವೇನೂ ಅಲ್ಲ. ವೈದ್ಯನಾಥೇಶ್ವರನ ಸನ್ನಿಧಿಯಿರುವ, ಅಡಿಕೆ ತೋಟಗಳ ನಡುವಣ ಊರು. ಆದರೂ ಹೆದ್ದಾರಿಯ ಪೆರಿಯಶಾಂತಿಯಿಂದ ಧರ್ಮಸ್ಥಳಕ್ಕೆ ಹೋಗುವ ಮಾರ್ಗವು ಇಲ್ಲಿಂದಲೇ ಹಾದುಹೋಗುವುದರಿಂದ, ಸುಬ್ರಹ್ಮಣ್ಯ, ಸೌತಡ್ಕ, ಧರ್ಮಸ್ಥಳಗಳ ಯಾತ್ರಿಕರನ್ನು ನಾವು ದಿನವೂ ಕಾಣುತ್ತೇವೆ. ಮೊದಲು ಬಸ್ಸಿನಲ್ಲಿ ಬರುತ್ತಿದ್ದವರಲ್ಲಿ ಎಷ್ಟೋ ಮಂದಿ ಈಗ ಮೋಟಾರು ಸೈಕಲಿನಲ್ಲೇ ಘಟ್ಟವಿಳಿದು ಬರುತ್ತಾರೆ. ಊರಿನವರಿಗಂತೂ ಅದು ಎತ್ತಿನ ಗಾಡಿಯ ಸ್ಥಾನವನ್ನು ಪಡೆದಿದೆ. ಹಾಲಿನ ಸಂಘಕ್ಕೆ ಹಾಲು, ಅಂಗಡಿಗೆ ಅಡಿಕೆಯ ಮೂಟೆ, ಶಾಲೆಗೆ ಮಕ್ಕಳು, ಆಸ್ಪತ್ರೆಗೆ ಮುದುಕರು, ಎಲ್ಲವೂ ಅದರ ಬೆನ್ನಮೇಲೆಯೇ. ಮನೆಯಲ್ಲಿ ಹಸುವಿಗೆ ಜ್ವರ ಬಂದರೆ ಹೇಗೆ ನಿತ್ಯದ ಸಂಸಾರವೇ ತಡವರಿಸುತ್ತದೆಯೋ, ಈ ಯಂತ್ರವು ಕೆಟ್ಟರೂ ಹಾಗೆಯೇ.

ಈ ಯಂತ್ರದ ಜ್ವರವು ಹೆಚ್ಚಾಗಿ ಬರುವುದು ಓಡುವಾಗಲಲ್ಲ, ನಿಂತು ನಿಂತು ಸಾಗುವಾಗ. ಕಲ್ಲಡ್ಕದಲ್ಲಿ ಮೇಲುಸೇತುವೆಯ ಕೆಲಸ ನಡೆಯುತ್ತಿದ್ದ ವರ್ಷಗಳಲ್ಲಿ ಮಂಗಳೂರಿಗೆ ಹೋಗಿ ಬಂದವರಿಗೆ ಇದು ಚೆನ್ನಾಗಿ ತಿಳಿದಿದೆ. ಶಿರಾಡಿ ಘಟ್ಟದಲ್ಲಿ ಲಾರಿಗಳ ಹಿಂದೆ ಇಂಚಿಂಚಾಗಿ ಏರಿದವರಿಗೂ ತಿಳಿದಿದೆ. ಉದ್ಯೋಗಾರ್ಥವಾಗಿ ನಮ್ಮ ಮಕ್ಕಳು ಹೋಗಿ ನೆಲಸಿರುವ ಬೆಂಗಳೂರಿನ ಮಾತಂತೂ ಹೇಳಬೇಕಾಗಿಲ್ಲ. ಜಗತ್ತಿನ ನಗರಗಳ ವಾಹನಸಂದಣಿಯನ್ನು ಅಳೆಯುವ ಟಾಮ್‌ಟಾಮ್ ಸಂಸ್ಥೆಯು ೨೦೧೯ನೆಯ ವರ್ಷದ ಪಟ್ಟಿಯಲ್ಲಿ ಬೆಂಗಳೂರಿಗೆ ಪ್ರಥಮ ಸ್ಥಾನವನ್ನೇ ಕೊಟ್ಟಿತು. ಬರಿದಾದ ದಾರಿಯಲ್ಲಿ ಬೇಕಾಗುವುದಕ್ಕಿಂತ ಅಲ್ಲಿ ನೂರಕ್ಕೆ ೭೧ರಷ್ಟು ಅಧಿಕ ಕಾಲ ಬೇಕಾಗುತ್ತದೆಂದು ಲೆಕ್ಕ ಹಾಕಿತು. ೨೦೨೩ರಲ್ಲಿ ನಗರದ ಮಧ್ಯಭಾಗದಲ್ಲಿ ಹತ್ತು ಕಿಲೋಮೀಟರು ಸಾಗಲು ಸರಾಸರಿ ೨೮ ನಿಮಿಷ ೧೦ ಸೆಕೆಂಡು ಹಿಡಿಯಿತಂತೆ. ಗಟ್ಟಿ ಕಾಲಿನ ಮನುಷ್ಯನು ಸೈಕಲನ್ನು ತುಳಿದರೂ ಅದಕ್ಕಿಂತ ಬಹಳ ಹಿಂದೆ ಬೀಳಲಾರನು.

ಯಂತ್ರವು ಏತಕ್ಕೆ ಕಾಯುತ್ತದೆ? ಅದರ ಹೊಟ್ಟೆಯಲ್ಲಿ ಅಗ್ನಿಯಿದೆ, ಆದುದರಿಂದ ಕಾಯುತ್ತದೆ. ಜಠರಾಗ್ನಿಯಿಲ್ಲದೆ ದೇಹವು ನಡೆಯದಂತೆ, ಈ ಅಗ್ನಿಯಿಲ್ಲದೆ ಯಂತ್ರವೂ ನಡೆಯದು. ೧೮೮೫ರಲ್ಲಿ ಜರ್ಮನಿಯ ಗಾಟ್ಲೀಬ್ ಡೈಮ್ಲರ್ ಮತ್ತು ವಿಲ್ಹೆಲ್ಮ್ ಮೇಬಾಕ್ ಎಂಬವರು ಕಟ್ಟಿದ ಮರದ ಚೌಕಟ್ಟಿನ ಪ್ರಥಮ ಪೆಟ್ರೋಲು ಮೋಟಾರು ಸೈಕಲಿಗೆ ಇದ್ದುದು ಅರ್ಧ ಕುದುರೆಯ ಬಲ ಮಾತ್ರ. ಅಂದಿನಿಂದ ಇಂದಿನ ಪರ್ಯಂತ ಮೂಲತತ್ತ್ವವು ಒಂದೇ: ಪೆಟ್ರೋಲಿನ ಆವಿಯನ್ನು ಗಾಳಿಯೊಡನೆ ಬೆರಸಿ, ಒತ್ತಿ, ಕಿಡಿಯಿಂದ ಹೊತ್ತಿಸಿ, ಆ ಹಿಗ್ಗುವಿಕೆಯಿಂದ ಕೊಂತವನ್ನು, ಎಂದರೆ ಪಿಸ್ಟನ್ನನ್ನು, ತಳ್ಳಿಸುವುದು. ಸುಮ್ಮನೆ ನಿಂತಿರುವಾಗಲೂ ಸಾಮಾನ್ಯವಾದ ನಾಲ್ಕು ಬಡಿತದ ಯಂತ್ರವು ನಿಮಿಷಕ್ಕೆ ಸುಮಾರು ೧೪೦೦ ಸಲ ಸುತ್ತುತ್ತದೆ. ಎರಡು ಸುತ್ತಿಗೆ ಒಂದು ದಹನವಾಗುವುದರಿಂದ ನಿಮಿಷಕ್ಕೆ ೭೦೦ ಸಲ ಒಳಗೆ ಬೆಂಕಿ ಹೊತ್ತುತ್ತದೆ. ಒಂದು ಲೀಟರು ಪೆಟ್ರೋಲಿನಲ್ಲಿರುವ ಉಷ್ಣವೆಲ್ಲವನ್ನೂ ನೀರಿಗೆ ಕೊಡಲು ಸಾಧ್ಯವಾದರೆ, ನಮ್ಮ ಬಚ್ಚಲಿನ ದೊಡ್ಡ ಹಂಡೆಯಲ್ಲಿ ನೂರು ಲೀಟರು ನೀರು ಕುದಿಯುವ ಮಟ್ಟಕ್ಕೆ ಬಂದೀತು. ಇಷ್ಟು ಉಷ್ಣದಲ್ಲಿ ಸುಮಾರು ಕಾಲು ಭಾಗ ಮಾತ್ರ ಕೆಲಸಕ್ಕೆ ಒದಗುತ್ತದೆ. ಉಳಿದುದರಲ್ಲಿ ಬಹುಭಾಗ ಹೊಗೆಯ ಕೊಳವೆಯಿಂದ ಹೊರಟುಹೋಗುತ್ತದೆ, ಮಿಕ್ಕಿದ್ದು ಲೋಹದಲ್ಲಿ ಸೇರುತ್ತದೆ. ಆ ಮಿಕ್ಕಿದ್ದನ್ನು ಹೊರಹಾಕುವುದೇ ಸಮಸ್ಯೆ.

ಇದಕ್ಕೆ ಯಂತ್ರಶಿಲ್ಪಿಗಳು ಕಂಡುಕೊಂಡ ಉಪಾಯವು ನಮ್ಮ ಅಡುಗೆಮನೆಯಲ್ಲಿ ನಿತ್ಯವೂ ನಡೆಯತಕ್ಕದ್ದೇ. ಕುಚ್ಚಲಕ್ಕಿಯ ಬಿಸಿಗಂಜಿಯನ್ನು ಪಾತ್ರೆಯಲ್ಲೇ ಬಿಟ್ಟರೆ ಆರಲು ಬಹಳ ಹೊತ್ತು ಬೇಕು. ಅಗಲವಾದ ಬಟ್ಟಲಿಗೆ ಹೊಯ್ದು ಬೀಸಣಿಗೆಯಿಂದ ಬೀಸಿದರೆ ಮಗುವು ಅಳು ನಿಲ್ಲಿಸುವುದರೊಳಗೆ ಆರುತ್ತದೆ. ಅಗಲ ಹೆಚ್ಚಾದಷ್ಟೂ ಗಾಳಿಯ ಸ್ಪರ್ಶ ಹೆಚ್ಚು. ಗಾಳಿ ಚಲಿಸಿದಷ್ಟೂ ಬಿಸಿಯು ಬೇಗನೆ ಹೋಗುತ್ತದೆ. ಯಂತ್ರದ ಮೈಮೇಲೆ ಸಾಲುಸಾಲಾಗಿ ಕಾಣುವ ತೆಳ್ಳನೆಯ ಲೋಹದ ರೆಕ್ಕೆಗಳು ಅಲಂಕಾರಕ್ಕಾಗಿ ಇರುವುವಲ್ಲ. ಅವೇ ಆ ಅಗಲವಾದ ಬಟ್ಟಲು. ಬೀಸಣಿಗೆ ಯಾವುದೆಂದರೆ, ವಾಹನದ ಓಟವೇ. ಓಟ ನಿಂತೊಡನೆ ಬೀಸಣಿಗೆಯೂ ನಿಂತಿತು. ಒಳಗಿನ ಒಲೆ ಮಾತ್ರ ಉರಿಯುತ್ತಲೇ ಇದೆ.

ಬಿಸಿಲಿನಿಂದಲೇ ಯಂತ್ರವು ಕಾಯುತ್ತದೆಂದು ಹಲವರು ತಿಳಿದಿದ್ದಾರೆ. ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಉಷ್ಣವು ಹೊರಗೆ ಹೋಗುವ ವೇಗವು ರೆಕ್ಕೆಗೂ ಗಾಳಿಗೂ ಇರುವ ಉಷ್ಣತೆಯ ಅಂತರವನ್ನು ಅನುಸರಿಸುತ್ತದೆ. ರೆಕ್ಕೆಯ ಬಿಸಿ ೧೫೦ ಡಿಗ್ರಿ ಸೆಲ್ಸಿಯಸ್ ಎಂದಿಟ್ಟುಕೊಳ್ಳಿರಿ. ಹೊರಗಿನ ಗಾಳಿ ೩೦ ಡಿಗ್ರಿ ಇದ್ದರೆ ಅಂತರ ೧೨೦. ೪೦ ಡಿಗ್ರಿ ಇದ್ದರೆ ೧೧೦. ಹತ್ತು ಡಿಗ್ರಿ ಬಿಸಿಲು ಏರಿದರೂ ನಷ್ಟವು ಹನ್ನೆರಡರಲ್ಲಿ ಒಂದು ಪಾಲು ಮಾತ್ರ. ಗಾಳಿಯ ಬೀಸು ನಿಂತರಾದರೋ ನಷ್ಟವು ಪಾಲುಗಳಲ್ಲಲ್ಲ, ಪಟ್ಟುಗಳಲ್ಲಿ. ಆದುದರಿಂದ ಮುಖ್ಯ ಅಪರಾಧಿ ಸೂರ್ಯನಲ್ಲ, ನಿಶ್ಚಲತೆ. ಬಿಸಿಲೂ ನಿಶ್ಚಲತೆಯೂ ಕೂಡಿ, ಕೆಳಗೆ ಕಾದ ಡಾಂಬರು, ಪಕ್ಕದಲ್ಲಿ ಲಾರಿಯ ಬಿಸಿ ಉಸಿರು ಸೇರಿದಾಗ ಸನ್ನಿಪಾತವಾಗುತ್ತದೆ. ಇನ್ನೊಂದು ವಿಶೇಷವುಂಟು. ಕರಾವಳಿಯ ಗಾಳಿಯಲ್ಲಿ ನೀರಿನಂಶ ಹೆಚ್ಚಾಗಿರುವುದರಿಂದ ಮನುಷ್ಯನ ಬೆವರು ಆರುವುದಿಲ್ಲ. ಯಂತ್ರಕ್ಕೆ ಬೆವರಿಲ್ಲದ ಕಾರಣ ಆ ಬಾಧೆಯಿಲ್ಲ. ಹಾಗಾಗಿ ನಮ್ಮ ಕಡೆಯಲ್ಲಿ ಯಂತ್ರಕ್ಕಿಂತ ಮುಂಚೆ ಸವಾರನೇ ಬಳಲುವುದುಂಟು.

ಸವಾರನ ಕೈಯ ದೋಷವೂ ಇದಕ್ಕೆ ಸೇರುತ್ತದೆ. ಸಾಲಿನಲ್ಲಿ ತೆವಳುವಾಗ ಕ್ಲಚ್ಚಿನ ಹಿಡಿಯನ್ನು ಅರ್ಧ ಹಿಡಿದು ಅರ್ಧ ಬಿಟ್ಟು ಸಾಗುವ ಅಭ್ಯಾಸ ಬಹುಜನರಿಗುಂಟು. ಆಗ ಒಳಗಿನ ತಟ್ಟೆಗಳು ಒಂದನ್ನೊಂದು ಉಜ್ಜುತ್ತವೆ. ಅಂಗೈಗಳನ್ನು ಉಜ್ಜಿದರೆ ಬಿಸಿಯಾಗುವಂತೆ ಅವೂ ಬಿಸಿಯಾಗುತ್ತವೆ. ಬಹುತೇಕ ಮೋಟಾರು ಸೈಕಲುಗಳಲ್ಲಿ ಈ ತಟ್ಟೆಗಳು ಯಂತ್ರದ ಎಣ್ಣೆಯಲ್ಲೇ ಮುಳುಗಿರುವುದರಿಂದ ಆ ಬಿಸಿಯೂ ಎಣ್ಣೆಗೇ ಸೇರುತ್ತದೆ. ಎಣ್ಣೆಯೆಂಬುದು ಯಂತ್ರಕ್ಕೆ ರಕ್ತವಿದ್ದಂತೆ. ಸಣ್ಣ ಯಂತ್ರದಲ್ಲಿ ಅದಿರುವುದು ಸುಮಾರು ಒಂದು ಲೀಟರು ಮಾತ್ರ. ಬಿಸಿಯಾದಷ್ಟೂ ಅದು ತೆಳ್ಳಗಾಗುತ್ತದೆ; ತೆಳ್ಳಗಾದರೆ ಲೋಹಕ್ಕೂ ಲೋಹಕ್ಕೂ ನಡುವಣ ಪೊರೆಯು ಹರಿಯುತ್ತದೆ; ಹರಿದರೆ ಘರ್ಷಣೆ; ಘರ್ಷಣೆಯಿಂದ ಮತ್ತಷ್ಟು ಬಿಸಿ. ಕೊನೆಗೆ ಹಿಗ್ಗಿದ ಕೊಂತವು ಕೊಳವೆಯಲ್ಲಿ ಬಿಗಿದು ನಿಲ್ಲುತ್ತದೆ. ಇದನ್ನೇ ಕಾರ್ಯಾಗಾರದವರು ‘ಇಂಜಿನ್ ಸೀಜ್ ಆಯಿತು’ ಎನ್ನುವುದು. ಓಡುವಾಗ ಹೀಗಾದರೆ ಹಿಂದಿನ ಚಕ್ರವು ಹಠಾತ್ತಾಗಿ ಹಿಡಿದುಕೊಂಡು, ಸವಾರನೂ ಹಿಂದೆ ಕುಳಿತ ಹೆಂಡತಿ ಮಕ್ಕಳೂ ರಸ್ತೆಗೆ ಬೀಳುವ ಸಂಭವವುಂಟು. ಆ ಕ್ಷಣದಲ್ಲಿ ಕ್ಲಚ್ಚಿನ ಹಿಡಿಯನ್ನು ಪೂರ್ತಿಯಾಗಿ ಒತ್ತಿದರೆ ಚಕ್ರವು ಬಿಡುಗಡೆಯಾಗುತ್ತದೆ. ಈ ಒಂದು ಮಾತನ್ನು ಪ್ರತಿಯೊಬ್ಬ ಸವಾರನೂ ಕಂಠಪಾಠ ಮಾಡಿರತಕ್ಕದ್ದು.

ಹಿಂದಿನ ತಲೆಮಾರಿನವರಿಗೆ ಇದರ ಅನುಭವ ಹೆಚ್ಚು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು ೧೯೬೧ರಿಂದ ಜಾವಾ ಗಾಡಿಗಳನ್ನೂ, ೧೯೭೩ರಿಂದ ಯೆಜ್ಡಿ ಎಂಬ ಹೆಸರಿನವನ್ನೂ ಮಾಡಿ, ೧೯೯೬ರಲ್ಲಿ ಮುಚ್ಚಿತು. ಅವು ಎರಡು ಬಡಿತದ ಯಂತ್ರಗಳು. ಪ್ರತಿ ಸುತ್ತಿಗೂ ಒಂದು ದಹನ. ಅವುಗಳ ಕೊಂತಕ್ಕೆ ಎಣ್ಣೆಯು ಪೆಟ್ರೋಲಿನೊಡನೆಯೇ ಹೋಗಬೇಕು. ಆದುದರಿಂದ ಬೆರಕೆಯಲ್ಲಿ ಎಣ್ಣೆ ಕಡಿಮೆಯಾದರೆ ಬಿಗಿದುಕೊಳ್ಳುವ ಭಯ. ಘಟ್ಟವಿಳಿಯುವಾಗ ಪೆಟ್ರೋಲನ್ನು ಪೂರ್ತಿ ತಡೆದು ಬಹು ದೂರ ಜಾರಿದರೆ ಎಣ್ಣೆಯೂ ತಪ್ಪಿ ಅದೇ ಭಯ. ಹಳೆಯ ಸವಾರರು ಇಳಿಜಾರಿನಲ್ಲಿ ಆಗಾಗ ಹಿಡಿಯನ್ನು ತಿರುಗಿಸುತ್ತಿದ್ದುದು ಶೋಕಿಗಾಗಿ ಅಲ್ಲ. ಇಂದಿಗೂ ಅಂತಹ ಗಾಡಿಯನ್ನು ಪ್ರೀತಿಯಿಂದ ಇಟ್ಟುಕೊಂಡವರು ಇದನ್ನು ಮರೆಯಲಾಗದು.

ಈಗಿನ ಗಾಡಿಗಳಲ್ಲಿ ಬೇರೆ ಬೇರೆ ಏರ್ಪಾಡುಗಳಿವೆ. ಸ್ಕೂಟರುಗಳ ಯಂತ್ರವು ಕವಚದೊಳಗೆ ಅಡಗಿರುವುದರಿಂದ ಅದಕ್ಕೆ ಪ್ರತ್ಯೇಕವಾದ ಬೀಸಣಿಗೆಯನ್ನೇ ಕೂಡಿಸಿರುತ್ತಾರೆ. ನಿಂತಾಗಲೂ ಅದು ತಿರುಗುತ್ತದೆ. ಕೆಲವು ಬಲಿಷ್ಠ ಗಾಡಿಗಳಲ್ಲಿ ಯಂತ್ರದ ಸುತ್ತ ದ್ರವವು ಹರಿದು, ಮುಂಭಾಗದ ರೇಡಿಯೇಟರಿನಲ್ಲಿ ಆರಿಕೊಂಡು ಹಿಂದಿರುಗುತ್ತದೆ. ನೀರು ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಮೀರಿ ಉಷ್ಣವಾಹಕವಾದುದರಿಂದ ಈ ಕ್ರಮವು ಶ್ರೇಷ್ಠವೇ. ಆದರೆ ಬಿಸಿಯಿರುವಾಗ ಅದರ ಮುಚ್ಚಳವನ್ನು ತೆರೆದರೆ ಒತ್ತಡದಲ್ಲಿರುವ ದ್ರವವು ಮುಖಕ್ಕೇ ಚಿಮ್ಮುವುದು. ೨೦೨೦ನೆಯ ಏಪ್ರಿಲ್ ೧ರಿಂದ ಜಾರಿಗೆ ಬಂದ ಭಾರತ್ ಸ್ಟೇಜ್ ಆರು ಎಂಬ ನಿಯಮದ ಗಾಡಿಗಳಲ್ಲಿ ಹೊಗೆಯನ್ನು ಶುದ್ಧಿಮಾಡುವ ಸಾಧನವು ಕೊಳವೆಯಲ್ಲಿರುತ್ತದೆ. ಅದು ತಾನೇ ಬಹಳ ಬಿಸಿಯಾಗಿ ಕೆಲಸ ಮಾಡತಕ್ಕದ್ದು. ಕಾಲಿಗೆ ಬಿಸಿ ತಾಗಿದ ಮಾತ್ರಕ್ಕೆ ಯಂತ್ರ ಕೆಟ್ಟಿತೆಂದು ಹೆದರಬೇಕಾಗಿಲ್ಲ.

ಹಾಗಾದರೆ ನಿಜವಾದ ಜ್ವರದ ಲಕ್ಷಣಗಳಾವುವು? ಹಿಡಿಯನ್ನು ತಿರುಗಿಸಿದರೂ ಗಾಡಿಯು ಎಳೆಯದಿರುವುದು, ಏರಿನಲ್ಲಿ ಒಳಗಿನಿಂದ ಕಲ್ಲು ಕುಟ್ಟಿದಂತೆ ಟಿಣಿಟಿಣಿ ಸದ್ದು, ಗೇರು ಬೀಳಲು ಮೊಂಡಾಟ, ಸುಟ್ಟೆಣ್ಣೆಯ ವಾಸನೆ, ದ್ರವದಿಂದ ಆರುವ ಗಾಡಿಯಾದರೆ ಎದುರಿನ ಕೆಂಪು ದೀಪ. ಇವುಗಳಲ್ಲಿ ಒಂದು ಕಂಡರೂ ರಸ್ತೆಯ ಪಕ್ಕಕ್ಕೆ ಸರಿದು ನಿಲ್ಲಿಸುವುದೇ ಮೊದಲ ಚಿಕಿತ್ಸೆ.

ಕಳೆದ ಬೇಸಿಗೆಯಲ್ಲಿ ನೆರೆಮನೆಯ ಯುವಕನೊಬ್ಬನು ಘಟ್ಟದಿಂದ ಬಂದವನೇ ನಮ್ಮ ಅಂಗಳದಲ್ಲಿ ಗಾಡಿಯನ್ನು ನಿಲ್ಲಿಸಿ, “ಮಾಷ್ಟ್ರೇ, ಇಂಜಿನು ಕಾದು ಕೆಂಡವಾಗಿದೆ. ಒಂದು ಕೊಡಪಾನ ನೀರು ಹೊಯ್ಯಲೇ?” ಎಂದು ಕೇಳಿದನು.

“ಬೇಡ ಮಾರಾಯ. ಕಾದ ಕಾವಲಿಗೆ ತಣ್ಣೀರು ಹೊಯ್ದರೆ ಏನಾಗುತ್ತದೆಂದು ನಿನ್ನ ಅಮ್ಮನನ್ನು ಕೇಳು. ಮಾವಿನ ಮರದ ಅಡಿಗೆ ತಳ್ಳು, ನೀರನ್ನು ನೀನು ಕುಡಿ” ಎಂದೆವು.

ಅವನು ನಕ್ಕು ಹಾಗೆಯೇ ಮಾಡಿದನು. ಕಾದ ಲೋಹದ ಒಂದು ಭಾಗವು ಹಠಾತ್ತಾಗಿ ಕುಗ್ಗಿ, ಮತ್ತೊಂದು ಭಾಗವು ಹಿಗ್ಗಿಯೇ ಇದ್ದರೆ ಬಿರುಕು ಬೀಳಬಹುದು, ಸೊಟ್ಟಗಾಗಬಹುದು. ತಾನಾಗಿ ಆರಲು ಹದಿನೈದು ಇಪ್ಪತ್ತು ನಿಮಿಷ ಕೊಟ್ಟರೆ ಖರ್ಚಿಲ್ಲದೆ ಕೆಲಸವಾಗುತ್ತದೆ. ನಿಲ್ಲಿಸಿದ ಕೂಡಲೇ ಹೊರಮೈ ಇನ್ನಷ್ಟು ಬಿಸಿಯಾದಂತೆ ತೋರಿದರೂ ಗಾಬರಿ ಬೇಡ. ಒಳಗಿನ ಉಷ್ಣವು ಹೊರಗೆ ಬರುತ್ತಿದೆಯೆಂದು ಮಾತ್ರ ಅದರ ಅರ್ಥ.

ಚಿಕಿತ್ಸೆಗಿಂತ ಪಥ್ಯವೇ ಮೇಲು. ಒಂದು ನಿಮಿಷಕ್ಕೆ ಮೀರಿ ನಿಲ್ಲಬೇಕಾದಲ್ಲಿ ಯಂತ್ರವನ್ನು ನಿಲ್ಲಿಸಿರಿ, ಪೆಟ್ರೋಲೂ ಉಳಿಯುತ್ತದೆ. ತೆವಳುವ ಸಾಲಿನಲ್ಲಿ ಮುಂದಿನ ವಾಹನವು ನಾಲ್ಕು ಮಾರು ಹೋಗಲಿ, ಆಮೇಲೆ ಒಂದೇ ಸಲ ಕ್ಲಚ್ಚನ್ನು ಪೂರ್ತಿ ಬಿಟ್ಟು ಸಾಗಿರಿ. ಗಾಡಿಯೊಡನೆ ಬಂದ ಪುಸ್ತಕದಲ್ಲಿ ಹೇಳಿದ ಅಂಕೆಯ ಎಣ್ಣೆಯನ್ನೇ, ಹೇಳಿದ ಕಾಲಕ್ಕೆ ಬದಲಿಸಿರಿ. ಕಾರಿನ ಎಣ್ಣೆ ಉಳಿದಿದೆಯೆಂದು ಮೋಟಾರು ಸೈಕಲಿಗೆ ಹಾಕಬಾರದು, ಅದರಿಂದ ಕ್ಲಚ್ಚು ಜಾರಬಹುದು. ಡಬ್ಬಿಯ ಮೇಲೆ ಜಾಸೋ ಎಂ.ಎ. ಎಂಬ ಗುರುತಿದೆಯೇ ನೋಡಿಕೊಳ್ಳಿರಿ. ತಿಂಗಳಿಗೆರಡು ಸಲ ಎಣ್ಣೆಯ ಮಟ್ಟವನ್ನು ಪರೀಕ್ಷಿಸಿರಿ. ಮಳೆಗಾಲದಲ್ಲಿ ರೆಕ್ಕೆಗಳ ನಡುವೆ ಸೇರಿ ಒಣಗಿದ ಕೆಂಪು ಮಣ್ಣನ್ನು ಬೇಸಿಗೆಗೆ ಮೊದಲು ತೊಳೆಯಿರಿ. ಅದು ಯಂತ್ರಕ್ಕೆ ಕಂಬಳಿ ಹೊದಿಸಿದಂತೆ. ಬ್ರೇಕು ಹಿಡಿದುಕೊಂಡಿದ್ದರೆ, ಚಕ್ರದಲ್ಲಿ ಗಾಳಿ ಕಡಿಮೆಯಿದ್ದರೆ, ಸರಪಣಿ ಬಿಗಿಯಾಗಿದ್ದರೆ ಯಂತ್ರಕ್ಕೆ ವ್ಯರ್ಥವಾದ ಭಾರ. ಇವೆಲ್ಲಕ್ಕೂ ಬೇಕಾಗುವುದು ವಾರಕ್ಕೆ ಅರ್ಧ ಗಂಟೆ. ಬಿಗಿದುಹೋದ ಯಂತ್ರವನ್ನು ಬಿಚ್ಚಿಸಿ ಸರಿಪಡಿಸಲು ಬೇಕಾಗುವುದು ಎಷ್ಟೋ ಮನೆಗಳ ಒಂದು ತಿಂಗಳ ಜೀವನಾಂಶ.

ಗೃಹಿಣಿಯರಿಗೂ ಒಂದು ಮಾತು. ಆಗತಾನೆ ಬಂದು ನಿಂತ ಗಾಡಿಯ ಹೊಗೆಕೊಳವೆಗೆ ಮಕ್ಕಳ ಕಾಲು ತಾಗಿ ಸುಡುವುದು ನಮ್ಮ ಊರುಗಳಲ್ಲಿ ಸಾಧಾರಣ. ಹಾಗಾದಲ್ಲಿ ಹಲ್ಲಿನ ಪೇಸ್ಟು, ಎಣ್ಣೆ, ಮಂಜುಗಡ್ಡೆ ಯಾವುದೂ ಬೇಡ. ಹರಿಯುವ ತಣ್ಣೀರಿನ ಕೆಳಗೆ ಇಪ್ಪತ್ತು ನಿಮಿಷ ಹಿಡಿಯಿರಿ. ಬೊಬ್ಬೆಯೆದ್ದರೆ ಒಡೆಯದೆ ಶುಭ್ರವಾದ ಬಟ್ಟೆಯನ್ನು ಸಡಿಲವಾಗಿ ಹೊದಿಸಿ ವೈದ್ಯರಿಗೆ ತೋರಿಸಿರಿ. ಗಾಡಿಯನ್ನು ನಿಲ್ಲಿಸುವಾಗಲೇ ಕೊಳವೆಯ ಪಾರ್ಶ್ವವು ಗೋಡೆಯ ಕಡೆಗಿರುವಂತೆ ನಿಲ್ಲಿಸಿದರೆ ಈ ದುಃಖವೇ ಇಲ್ಲ.

ಪಟ್ಟಣದಲ್ಲಿ ಇಡೀ ದಿನ ಮನೆಮನೆಗೆ ಊಟದ ಪೊಟ್ಟಣಗಳನ್ನು ಒಯ್ಯುವ ಹುಡುಗರಿಗೆ ಮರದ ನೆರಳಿನಲ್ಲಿ ಇಪ್ಪತ್ತು ನಿಮಿಷ ನಿಲ್ಲುವ ಅವಕಾಶವು ಸುಲಭವಲ್ಲವೆಂದು ನಾವು ಬಲ್ಲೆವು. ತಡವಾದರೆ ಅವರ ಕೂಲಿಗೇ ಕುಂದು. ಅಂತಹವನು ನಿಮ್ಮ ಬಾಗಿಲಿಗೆ ಹತ್ತು ನಿಮಿಷ ತಡವಾಗಿ ಬಂದರೆ, ಗದರಿಸುವುದಕ್ಕೆ ಮುಂಚೆ ಒಂದು ಲೋಟ ನೀರನ್ನು ಕೊಡಿರಿ. ಮಗನೋ ಮಗಳೋ ದೂರದ ಊರಿನಲ್ಲಿ ಗಾಡಿ ಓಡಿಸುವವರಾದರೆ, ಮುಂದಿನ ಸಲ ದೂರವಾಣಿಯಲ್ಲಿ ಮಾತನಾಡುವಾಗ ಊಟವಾಯಿತೇ ಎಂದು ಕೇಳಿದ ಮೇಲೆ, ಗಾಡಿಯ ಎಣ್ಣೆಯನ್ನು ಯಾವಾಗ ನೋಡಿದಿರಿ ಎಂದೂ ಒಮ್ಮೆ ಕೇಳಿಬಿಡಿರಿ.