ಮೇಜಿನ ಅಳತೆ ಮಗುವಿನ ಮೊಣಕೈಯಲ್ಲಿದೆ

ಬೆಳೆಯುವ ಮಕ್ಕಳಿಗೆ ಸಮವಸ್ತ್ರ ಹೊಲಿಸುವಾಗ ಎರಡಿಂಚು ಹೆಚ್ಚಿಗೆ ಬಿಡಿಸುವುದು ನಮ್ಮ ಮನೆಗಳ ಹಳೆಯ ರೂಢಿ. ಓದುವ ಮೇಜು ಕೊಳ್ಳುವಾಗಲೂ ಅಪ್ಪ ಅಮ್ಮಂದಿರು ಇದೇ ಲೆಕ್ಕ ಹಾಕುತ್ತಾರೆ: ‘ದೊಡ್ಡದೇ ಇರಲಿ, ಕಾಲೇಜಿಗೆ ಹೋಗುವವರೆಗೂ ಬಾಳಿಕೆ ಬರುತ್ತದೆ.’ ಅಂಗಿಯ ತೋಳನ್ನು ಮಡಚಬಹುದು, ಮೇಜಿನ ಕಾಲನ್ನು ಮಡಚಲಾಗದು.

ಬಡಗಿಯಿಂದ ಮಾಡಿಸಿದರೂ ಅಂಗಡಿಯಿಂದ ತಂದರೂ ಮೇಜಿನ ಎತ್ತರ ಸಾಮಾನ್ಯವಾಗಿ ಎರಡೂವರೆ ಅಡಿ, ಅಂದರೆ ಸುಮಾರು 75 ಸೆಂ.ಮೀ. ಇದು ದೊಡ್ಡವರ ಅಳತೆ. ಶಾಲೆಯ ಪೀಠೋಪಕರಣಗಳಿಗಾಗಿ ಯುರೋಪಿನಲ್ಲಿ ಬಳಕೆಯಲ್ಲಿರುವ ಇಎನ್ 1729 ಎಂಬ ಮಾನದಂಡ ಮೇಜು, ಕುರ್ಚಿಗಳನ್ನು ಮಗುವಿನ ಎತ್ತರ ನೋಡಿ ವಿಂಗಡಿಸುತ್ತದೆ. 119ರಿಂದ 142 ಸೆಂ.ಮೀ. ಎತ್ತರದ ಮಗುವಿಗೆ ಅದು ಹೇಳುವುದು 59 ಸೆಂ.ಮೀ. ಮೇಜು, 35 ಸೆಂ.ಮೀ. ಕುರ್ಚಿ. ಮೂರನೆಯ, ನಾಲ್ಕನೆಯ ತರಗತಿಯ ಹೆಚ್ಚಿನ ಮಕ್ಕಳು ಈ ಗುಂಪಿನವರೇ. 76 ಸೆಂ.ಮೀ. ಮೇಜಿನ ಸರದಿ ಬರುವುದು ಮಗು 159 ಸೆಂ.ಮೀ. ಮುಟ್ಟಿದ ಮೇಲೆ. ಹಾಗಾದರೆ ನಮ್ಮ ಮೂರನೇ ಕ್ಲಾಸಿನ ಹುಡುಗಿ ದಿನವೂ ಹೋಂವರ್ಕ್ ಮಾಡುತ್ತಿರುವುದು ತನಗೆ ಬೇಕಾದುದಕ್ಕಿಂತ ಅರ್ಧ ಅಡಿ ಹೆಚ್ಚು ಎತ್ತರದ ಮೇಜಿನ ಮೇಲೆ.

ಅದರ ಗುರುತು ಮೈಯಲ್ಲೇ ಕಾಣುತ್ತದೆ. ಭುಜ ಕಿವಿಯ ಕಡೆಗೆ ಏರಿರುತ್ತದೆ, ಮೂಗು ನೋಟ್‌ಬುಕ್ಕಿಗೆ ತಾಗುವಂತಿರುತ್ತದೆ, ಕಾಲು ನೆಲಕ್ಕೆ ಎಟುಕದೆ ಜೋತಾಡುತ್ತಿರುತ್ತದೆ. ಸ್ವಲ್ಪ ಹೊತ್ತಿಗೆ ಮಗು ಕುರ್ಚಿಯ ಮೇಲೆ ಮಂಡಿಯೂರುತ್ತದೆ, ಇಲ್ಲವೇ ಒಂದು ಕಾಲು ಮಡಚಿ ಅದರ ಮೇಲೆ ಕೂರುತ್ತದೆ. ‘ನೆಟ್ಟಗೆ ಕೂತ್ಕೋ’ ಎಂಬ ಗದರಿಕೆ ಕೇಳುವುದು ಆಗಲೇ. ಬೈಗುಳ ಮಗುವಿಗೆ ಬೀಳುತ್ತದೆ, ತಪ್ಪು ಮಾತ್ರ ಮೇಜಿನದು.

ಮೊದಲು ಗಮನಿಸಬೇಕಾದದ್ದು ಕುರ್ಚಿಯನ್ನು. ಬೆನ್ನು ಹಿಂದಕ್ಕೆ ಆನಿಸಿ ಕೂತಾಗ ಎರಡೂ ಪಾದ ನೆಲದ ಮೇಲೆ ಪೂರ್ತಿ ಊರಬೇಕು; ಕುರ್ಚಿಯ ಅಂಚು ಮಂಡಿಯ ಹಿಂಭಾಗವನ್ನು ಒತ್ತಬಾರದು. ಹಾಗೆ ಕೂತ ಮಗು ಭುಜ ಸಡಿಲ ಬಿಟ್ಟು ಮೊಣಕೈ ಮಡಚಲಿ. ಮೇಜಿನ ಹಲಗೆ ಆ ಮೊಣಕೈ ಮಟ್ಟಕ್ಕೆ, ಹೆಚ್ಚೆಂದರೆ ಒಂದೆರಡು ಬೆರಳು ಮೇಲಕ್ಕೆ ಬಂದರೆ ಸರಿ. ಇದಕ್ಕೆ ದರ್ಜಿಯ ಟೇಪು ಸಾಕು. ಕಾಲಿಗೆ ಜಾಗ ಇದೆಯೇ ಎಂದೂ ನೋಡಬೇಕು. ತೊಡೆಯ ಮೇಲೇ ಬರುವ ಡ್ರಾಯರ್ ನೋಡಲು ಚೆಂದ. ಆದರೆ ಮೇಜು ತಗ್ಗಿದಷ್ಟೂ ಅದು ಮಂಡಿಗೆ ತಾಗುತ್ತದೆ. ಡ್ರಾಯರ್ ಬೇಕೇ ಬೇಕೆಂದರೆ ಪಕ್ಕದಲ್ಲಿರಲಿ.

ಇನ್ನು ಕಣ್ಣಿನ ವಿಷಯ. ಮೊಣಕೈಯಿಂದ ಮುಷ್ಟಿಯ ಗೆಣ್ಣಿನವರೆಗೆ ಎಷ್ಟು ಉದ್ದವೋ ಕಣ್ಣಿಗೂ ಪುಸ್ತಕಕ್ಕೂ ಕನಿಷ್ಠ ಅಷ್ಟು ದೂರವಿರಲಿ. ಹಲಗೆ ತುಸು ಇಳಿಜಾರಾಗಿದ್ದರೆ ಕುತ್ತಿಗೆ ಅಷ್ಟಾಗಿ ಬಗ್ಗುವುದಿಲ್ಲ. ಸ್ವಿಟ್ಜರ್ಲೆಂಡ್ ಮೂಲದ ನೇತ್ರವೈದ್ಯ ಫ್ರೆಡ್ರಿಕ್ ಎರಿಸ್ಮನ್ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳ ಕಣ್ಣು ಪರೀಕ್ಷಿಸಿ, 1870ರಲ್ಲಿ ಇಳಿಜಾರು ಹಲಗೆಯ ಶಾಲಾ ಮೇಜನ್ನು ರೂಪಿಸಿದ್ದರು. ಪುರಾಣ ಪಾರಾಯಣಕ್ಕೆ ವ್ಯಾಸಪೀಠ ಬಳಸುತ್ತಿದ್ದ ನಮ್ಮ ಹಿರಿಯರಿಗೂ ಓರೆಯಾಗಿಟ್ಟ ಪುಸ್ತಕದ ಸುಖ ಗೊತ್ತಿತ್ತು. ಬಲಗೈಯಲ್ಲಿ ಬರೆಯುವ ಮಗುವಿಗೆ ಬೆಳಕು ಎಡದಿಂದ ಬರಬೇಕು, ಎಡಗೈಯವರಿಗೆ ಬಲದಿಂದ. ಇಲ್ಲದಿದ್ದರೆ ಕೈಯ ನೆರಳು ಅಕ್ಷರದ ಮೇಲೇ ಬೀಳುತ್ತದೆ.

ಅಗ್ಗದ ಮೇಜುಗಳಲ್ಲಿ ಬಹುಪಾಲು ಪಾರ್ಟಿಕಲ್ ಬೋರ್ಡಿನವು. ನೀರು ತಾಗಿದರೆ ಅದು ಉಬ್ಬಿ ಉದುರುತ್ತದೆ. ಕರಾವಳಿ, ಮಲೆನಾಡಿನ ಮಳೆಗಾಲಕ್ಕೆ ಮರವೋ ಒಳ್ಳೆಯ ಪ್ಲೈವುಡ್ಡೋ ಲೇಸು. ಮೂಲೆಗಳು ದುಂಡಗಿರಲಿ.

ಬಡಗಿಯೇ ಮಾಡುವುದಾದರೆ ಕಾಲುಗಳಲ್ಲಿ ಎರಡೆರಡು ಇಂಚಿಗೊಂದು ತೂತು ಕೊರೆಸಿ, ಬೋಲ್ಟ್ ಹಾಕಿ ಏರಿಸುವಂತೆ ಮಾಡಿಸಬಹುದು. ಬಹುಕಾಲ ಬಾಳಿಕೆ ಬರಲಿ ಎಂಬ ಆಸೆ ಈಡೇರುವುದು ಹೀಗೆ. ದೊಡ್ಡ ಮೇಜು ಮನೆಗೆ ಬಂದುಬಿಟ್ಟಿದ್ದರೆ ಅದನ್ನು ಎಸೆಯಬೇಕಿಲ್ಲ. ಕುರ್ಚಿಗೆ ಗಟ್ಟಿ ದಿಂಬು ಹಾಕಿ ಮಗುವನ್ನು ಎತ್ತರಿಸಿ, ಕಾಲಡಿಗೆ ಅಲುಗಾಡದ ಮಣೆಯನ್ನೋ ಪೆಟ್ಟಿಗೆಯನ್ನೋ ಇಡಿ. ಕಾಲಿಗೆ ಆಸರೆ ಕೊಡದೆ ದಿಂಬು ಮಾತ್ರ ಹಾಕಿದರೆ ಪ್ರಯೋಜನವಿಲ್ಲ.

ಕುರ್ಚಿ ಮೇಜಿಗೆ ಜಾಗವೇ ಇಲ್ಲದ ಮನೆಗಳೂ ಸಾಕಷ್ಟಿವೆ. ಚಕ್ಕಳಮಕ್ಕಳ ಹಾಕಿ ಕೂತು ಬರೆಯುವುದರಲ್ಲಿ ಕೊರತೆಯೇನೂ ಇಲ್ಲ. ನೆಲಕ್ಕೇ ಬಾಗಿ ಬರೆಯುವುದು ಕಷ್ಟ. ಮಡಚುವ ತಗ್ಗು ಮೇಜೊಂದಿದ್ದರೆ ಸಾಕು, ಅದಕ್ಕೂ ಮೊಣಕೈಯದೇ ಅಳತೆ. ಮಹಾರಾಷ್ಟ್ರದ ‘ಆರಂಭ್’ ಸಂಸ್ಥೆ ರದ್ದಿ ರಟ್ಟಿನ ಪೆಟ್ಟಿಗೆಗಳನ್ನು ಕತ್ತರಿಸಿ ಮಡಚಿ, ಶಾಲಾಚೀಲವೂ ನೆಲದ ಮೇಜೂ ಆಗುವ ‘ಹೆಲ್ಪ್ ಡೆಸ್ಕ್’ ಮಾಡಿತು. ಆಗ ಅದಕ್ಕೆ ತಗುಲಿದ ಖರ್ಚು ಸುಮಾರು ಹತ್ತು ರೂಪಾಯಿ.

ಹಾಗಾಗಿ ಮೊಬೈಲಿನಲ್ಲಿ ಚಿತ್ರ ನೋಡಿ ಮೇಜು ತರಿಸುವ ಮುನ್ನ ಮಗುವನ್ನು ಅಂಗಡಿಗೆ ಕರೆದೊಯ್ದು ಕೂರಿಸಿ, ಪುಸ್ತಕ ಕೊಟ್ಟು ಹತ್ತು ನಿಮಿಷ ಬರೆಸಿ ನೋಡಿ. ಪ್ರತಿ ವರ್ಷ ಶಾಲೆ ಶುರುವಾಗುವ ಹೊತ್ತಿಗೆ ಮೊಣಕೈ ಅಳತೆಯನ್ನು ಇನ್ನೊಮ್ಮೆ ತೆಗೆಯಿರಿ.