ಬೀಗದ ತಿರುಳೂ ಕಳೆದುಹೋದ ಕೀಲಿಕೈಯೂ

ಮುಂಜಾವಿನ ಮೊದಲ ಲೋಕಲ್ ಗಾಡಿ ಕಲ್ಯಾಣವನ್ನು ಬಿಡುವ ಮುನ್ನವೇ ಎದ್ದು ಹೋಟೆಲಿನ ಉಗ್ರಾಣದ ಬೀಗವನ್ನು ತೆರೆಯುವವರು ನಮ್ಮವರು. ಅಕ್ಕಿ, ಉದ್ದು, ತುಪ್ಪದ ಡಬ್ಬಗಳೆಲ್ಲವೂ ಒಳಗೆ; ಕೀಲಿಗೊಂಚಲು ಮಾತ್ರ ನಮ್ಮ ಸೊಂಟದಲ್ಲಿ. ಒಡೆಯನು ಬೇರೆ ಯಾವ ಕಾಗದಪತ್ರವನ್ನೂ ಬರೆದುಕೊಡದೆ ಆ ಗೊಂಚಲಿನ ಮೂಲಕವೇ ತನ್ನ ನಂಬಿಕೆಯನ್ನು ನಮ್ಮ ವಶಕ್ಕೆ ಒಪ್ಪಿಸಿರುತ್ತಾನೆ. ಆದುದರಿಂದಲೇ ಕೀಲಿಕೈ ಕಳೆದ ದಿನ ಮನುಷ್ಯನಿಗೆ ಅನ್ನ ರುಚಿಸುವುದಿಲ್ಲ.

ನಮ್ಮ ಸ್ನೇಹಿತರೊಬ್ಬರು ನವಿ ಮುಂಬಯಿಯ ಒಂದು ಕಚೇರಿಯಲ್ಲಿ ಗುಮಾಸ್ತರು, ವಾಸ ಡೋಂಬಿವಲಿಯಲ್ಲಿ. ದಿನವೂ ಠಾಣೆಯಲ್ಲಿ ಗಾಡಿ ಬದಲಿಸಿ ಹೋಗಬೇಕು. ಒಂದು ಸಂಜೆ ಮನೆಗೆ ಬಂದು ಅಂಗಿಯ ಜೇಬನ್ನು ತಡವಿದರೆ ಕಚೇರಿಯ ‘ಕಂಟ್ರೋಲ್ ಕೈ’ ಇಲ್ಲ. ಆ ಮಹಾಶಯರು ನಾಲ್ಕು ದಿನ ಯಾರಿಗೂ ಹೇಳಲಿಲ್ಲ! ಐದನೆಯ ದಿನ ಒಂದು ಕೋಣೆಯ ಬೀಗವನ್ನು ಬದಲಿಸಬೇಕಾಗಿ ಬಂದಾಗ ಗುಟ್ಟು ರಟ್ಟಾಯಿತು. ಕೈ ಕಳೆದುದಕ್ಕಿಂತ ನಾಲ್ಕು ದಿನ ಮುಚ್ಚಿಟ್ಟುದೇ ಅವರಿಗೆ ಮುಳುವಾಯಿತು. ಎಲ್ಲ ಬೀಗಗಳ ಬೆಲೆಯನ್ನೂ ಸಂಬಳದಿಂದ ಹಿಡಿಯುವುದಾಗಿ ಮೇಲಿನವರು ಗದರಿಸಿದರಂತೆ.

ಈ ಕಂಟ್ರೋಲ್ ಕೈ ಎಂದರೇನು? ನಮ್ಮ ಉಗ್ರಾಣಗಳ ಸಾಮಾನ್ಯ ಬೀಗಕ್ಕೆ ಇಂತಹದೊಂದು ಇರುವುದಿಲ್ಲ. ದೊಡ್ಡ ಕಚೇರಿಗಳಲ್ಲಿಯೂ ಆಸ್ಪತ್ರೆಗಳಲ್ಲಿಯೂ ಬಳಸುವ ಒಂದು ಬಗೆಯ ಬೀಗದಲ್ಲಿ, ಬೀಗದ ಒಡಲು ಬೇರೆ, ಕೀಲಿ ಹೋಗುವ ತಿರುಳು ಬೇರೆ. ಎಂಟರ ಅಂಕಿಯ ಆಕಾರದ ಈ ತಿರುಳನ್ನು ಹೊರಗೆಳೆದು ಇನ್ನೊಂದನ್ನು ಕೂರಿಸಿದರೆ ಕ್ಷಣಾರ್ಧದಲ್ಲಿ ಬೀಗವೇ ಹೊಸದಾದಂತೆ. 1920ರ ಸುಮಾರಿಗೆ ಇದನ್ನು ರೂಪಿಸಿದವನು ಅಮೆರಿಕದ ಸಿಯಾಟಲ್ ನಗರದಲ್ಲಿ ಶಾಲಾ ಕಟ್ಟಡದ ಮೇಲ್ವಿಚಾರಣೆ ನೋಡಿಕೊಳ್ಳುತ್ತಿದ್ದ ಫ್ರಾಂಕ್ ಬೆಸ್ಟ್ ಎಂಬವನು. ಕೀಲಿಗೊಂಚಲಿನ ಭಾರವನ್ನು ಹೊತ್ತವನಿಗೇ ಇಂತಹ ಉಪಾಯ ಹೊಳೆದುದು ಆಶ್ಚರ್ಯವಲ್ಲ.

ಇದರ ಒಳಗುಟ್ಟು ಸೊಗಸಾದುದು. ತಿರುಳಿನಲ್ಲಿ ಆರೋ ಏಳೋ ಸಣ್ಣ ಕುಳಿಗಳು. ಪ್ರತಿ ಕುಳಿಯಲ್ಲಿ ಒಂದರ ಮೇಲೊಂದಾಗಿ ಹಿತ್ತಾಳೆಯ ಮೊಳೆಗಳು. ಸಾಮಾನ್ಯ ಕೀಲಿಯನ್ನು ಹಾಕಿದಾಗ ಮೊಳೆಗಳು ಕೆಳಗಿನ ಒಂದು ಗೆರೆಯಲ್ಲಿ ಬೇರ್ಪಟ್ಟು ಬಾಗಿಲು ತೆರೆಯುತ್ತದೆ. ಕಂಟ್ರೋಲ್ ಕೈ ಹಾಕಿದಾಗ ಅವು ಮೇಲಿನ ಇನ್ನೊಂದು ಗೆರೆಯಲ್ಲಿ ಬೇರ್ಪಡುತ್ತವೆ. ಸುಮಾರು 15 ಅಂಶ ತಿರುಗಿಸಿದೊಡನೆ ಪಕ್ಕದ ಹಿಡಿಕೆಯು ಒಳಸರಿದು ತಿರುಳು ಕೈಗೆ ಬರುತ್ತದೆ.

ಲೆಕ್ಕಪತ್ರ ಬರೆಯುವ ವಾಚಕರಿಗೆ ಒಂದು ಲೆಕ್ಕವನ್ನು ಹೇಳಬೇಕು. ಬಹುವಾಗಿ ಬಳಕೆಯಲ್ಲಿರುವ ಪದ್ಧತಿಯಲ್ಲಿ ಪ್ರತಿ ಕುಳಿಯ ಮೊಳೆಗಳ ಒಟ್ಟು ಅಳತೆ 23. ಒಂದು ತಿರುಳಿನ ಮೊದಲ ಕುಳಿಯಲ್ಲಿ ಅಡಿಯ ಮೊಳೆ 3, ನಡುವಿನದು 12, ಮೇಲಿನದು 8 ಎಂದಿಟ್ಟುಕೊಳ್ಳಿ. ಅಡಿಯದನ್ನೂ ನಡುವಿನದನ್ನೂ ಕೂಡಿದರೆ 15. ಅದರಲ್ಲಿ 10 ಕಳೆದರೆ 5. ಕಂಟ್ರೋಲ್ ಕೈಯಲ್ಲಿ ಆ ಸ್ಥಾನದ ಕಚ್ಚಿನ ಆಳ ಅದೇ 5. ಪಕ್ಕದ ಕೋಣೆಯ ತಿರುಳಿನಲ್ಲಿ ಅಡಿಯ ಮೊಳೆ 6 ಇದ್ದರೆ ನಡುವಿನದು 9 ಇರುತ್ತದೆ. ಕೂಡಿದರೆ ಮತ್ತೆ 15. ಸಾಮಾನ್ಯ ಕೀಲಿಗಳು ನೂರು ಬಗೆಯಾಗಿದ್ದರೂ ಈ ಮೊತ್ತ ಮಾತ್ರ ಬದಲಾಗದು. ಆದುದರಿಂದ ಯಾವುದಾದರೂ ಒಂದೇ ಒಂದು ತಿರುಳು ಕೈಗೆ ಸಿಕ್ಕಿದರೆ ಸಾಕು, ಬಲ್ಲ ಕುಶಲಕರ್ಮಿಯು ಮೊಳೆಗಳನ್ನು ಹೊರತೆಗೆದು ಅಳೆದು, ಕಳೆದುಹೋದ ಕೈಯನ್ನು ಮತ್ತೆ ಕತ್ತರಿಸಬಲ್ಲನು.

ಆದರೆ ಆ ಒಂದು ತಿರುಳು ದೊರೆಯುವ ಬಗೆ ಹೇಗೆ? ಮೊದಲು ಕಪಾಟನ್ನು ಹುಡುಕಬೇಕು. ಬೀಗ ಕೊಂಡಾಗ ಬಂದ ಹೆಚ್ಚಿನ ತಿರುಳುಗಳು ಅಲ್ಲೆಲ್ಲೋ ಧೂಳು ಹಿಡಿದು ಬಿದ್ದಿರುವುದುಂಟು. ಸಂಕೇತದ ಕಾಗದ ಮಾರಾಟಗಾರನಲ್ಲಿದ್ದರೆ ಒಡೆಯನ ಪತ್ರ ತೋರಿಸಿ ಹೊಸ ಕೈಯನ್ನು ತರಿಸಬಹುದು. ಎರಡೂ ಇಲ್ಲದಿದ್ದರೆ, ಅಷ್ಟು ಮುಖ್ಯವಲ್ಲದ ಒಂದು ಬಾಗಿಲನ್ನು ಅದರ ಸಾಮಾನ್ಯ ಕೀಲಿಯಿಂದಲೇ ತೆರೆದು, ಬಾಗಿಲಿನ ಅಂಚಿನಲ್ಲಿರುವ ತಿರುಪನ್ನು ಸಡಿಲಿಸಿ, ಸಿಲಿಂಡರನ್ನು ಒಡಲು ಸಮೇತ ಬಿಚ್ಚಿ, ಒಡಲನ್ನು ಕೊಯ್ದು ತಿರುಳನ್ನು ಉಳಿಸಿಕೊಳ್ಳುವುದು ಲೇಸು. ಎಲ್ಲ ಬೀಗದಲ್ಲಿ ಇದು ಸಾಧ್ಯವಿಲ್ಲ. ತಾಳ್ಮೆಗೆಟ್ಟು ಡ್ರಿಲ್ ಹಾಕಿದರೆ ಮೊಳೆಗಳೂ ಪುಡಿಯಾಗಿ ಅಳತೆಯೂ ಹೋಗುತ್ತದೆ. ಬೀಗ ಹೋಯಿತು, ಲಾಭವೂ ಇಲ್ಲ.

ಹೊಸ ಕೈ ದೊರೆತೊಡನೆ ಕೆಲಸ ಮುಗಿಯಲಿಲ್ಲ. ಕಳೆದ ಕೈ ದಾರಿಯಲ್ಲಿ ಬಿದ್ದಿದ್ದು, ಅದರ ನೆಲೆ ಬಲ್ಲವನಿಗೆ ಸಿಕ್ಕಿದ್ದರೆ, ಅವನು ತಿರುಳನ್ನೇ ಎಳೆದು ಸ್ಕ್ರೂಡ್ರೈವರಿನಿಂದ ಬಾಗಿಲನ್ನು ತೆರೆಯಬಲ್ಲನು. ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿ ಪ್ರಯೋಜನವೇನು? ಎಲ್ಲ ತಿರುಳುಗಳನ್ನೂ ಹೊಸ ಕಂಟ್ರೋಲ್ ಕೈಗೆ ಹೊಂದಿಸಲೇಬೇಕು. ಸಮಾಧಾನದ ಸಂಗತಿಯೆಂದರೆ, ಇದಕ್ಕೆ ನಡುವಿನ ಮತ್ತು ಮೇಲಿನ ಮೊಳೆಗಳನ್ನು ಬದಲಿಸಿದರೆ ಸಾಕು. ಅಡಿಯದು ಹಾಗೆಯೇ ಉಳಿಯುವುದರಿಂದ ಉಳಿದವರ ಕೀಲಿಗಳು ಹಳೆಯವೇ ನಡೆಯುತ್ತವೆ. ಎಲ್ಲ ಬೀಗಗಳನ್ನೂ ಹೊಸದಾಗಿ ಕೊಳ್ಳಬೇಕೆಂಬುದು ಅಂಜಿಕೆಯ ಮಾತು.

ಸಂಬಳದ ಮಾತಿಗೆ ಬರೋಣ. 1936ರ ವೇತನ ಪಾವತಿ ಕಾಯಿದೆಯಲ್ಲಿದ್ದ ಒಂದು ನಿಯಮವು 2019ರ ವೇತನ ಸಂಹಿತೆಯಲ್ಲಿಯೂ ಉಳಿದುಬಂದಿದೆ. ನೌಕರನ ವಶಕ್ಕೆ ಸ್ಪಷ್ಟವಾಗಿ ಒಪ್ಪಿಸಿದ ವಸ್ತು ಅವನ ಅಲಕ್ಷ್ಯದಿಂದಲೇ ನಷ್ಟವಾಗಿದ್ದರೆ ಮಾತ್ರ ವೇತನದಿಂದ ಹಿಡಿಯಬಹುದು. ಹಿಡಿಯುವ ಮೊತ್ತವು ನಷ್ಟವನ್ನು ಮೀರಕೂಡದು. ಅದಕ್ಕೂ ಮೊದಲು ಸಮಜಾಯಿಷಿ ಹೇಳಲು ಅವನಿಗೆ ಅವಕಾಶ ಕೊಡಲೇಬೇಕು. ಮಾಣಿಯಿರಲಿ, ಮ್ಯಾನೇಜರಿರಲಿ, ಗೊಂಚಲು ಕೈಗೆ ಬಂದ ದಿನವೇ ಎಷ್ಟು ಕೀಲಿ, ಯಾವ ತಾರೀಖು ಎಂದು ಪುಸ್ತಕದಲ್ಲಿ ಬರೆಸಿ ರುಜು ಹಾಕಿಸಿಕೊಳ್ಳುವುದು ಒಳ್ಳೆಯದು. ಕಳೆದರೆ ಅದೇ ದಿನ ಬರಹದಲ್ಲಿ ತಿಳಿಸಬೇಕು. ಮುಚ್ಚಿಟ್ಟ ಪ್ರತಿಯೊಂದು ದಿನವೂ ಅಲಕ್ಷ್ಯದ ಖಾತೆಗೆ ಜಮೆಯಾಗುತ್ತದೆ.

ನಮ್ಮ ಗಾಡಿಗಳು ದಿನವೂ ದಾಟುವ ವಿಕ್ರೋಳಿಯ ಗೋದ್ರೆಜ್ ಕಾರಖಾನೆಯಲ್ಲಿಯೇ 1951–52ರ ಪ್ರಥಮ ಮಹಾಚುನಾವಣೆಗೆ ಲಕ್ಷಗಟ್ಟಲೆ ಉಕ್ಕಿನ ಮತಪೆಟ್ಟಿಗೆಗಳು ತಯಾರಾದವು. ಹೊರಬೀಗದ ಖರ್ಚನ್ನು ಉಳಿಸಲೆಂದು ಅವುಗಳಿಗೆ ಒಳಗಿನಿಂದ ಕೂಡುವ ಚಿಲಕವನ್ನು ಅಳವಡಿಸಿದ್ದರು. ಗುಮಾಸ್ತರ ಪಾಲಿಗೆ ಅಂತಹ ಭಾಗ್ಯ ಎಲ್ಲಿಂದ ಬರಬೇಕು!

ನಮ್ಮ ಸ್ನೇಹಿತರ ಕಚೇರಿಯ ಕಪಾಟಿನಲ್ಲಿ, ಹಳೆಯ ರಸೀತಿಗಳ ಅಡಿಯಲ್ಲಿ, ಹೆಚ್ಚಿನ ತಿರುಳೊಂದು ದೊರೆಯಿತು. ಸಾಯಂಕಾಲದೊಳಗೆ ಹೊಸ ಕೈ ತಯಾರಾಯಿತು; ಉಳಿದ ತಿರುಳುಗಳನ್ನು ಹೊಂದಿಸಲು ಇನ್ನೆರಡು ದಿನ ಹಿಡಿಯಿತು. ಮೊಳೆ ಬದಲಿಸಿದ ಕೂಲಿಯನ್ನು ಮಾತ್ರ ಎರಡು ಕಂತುಗಳಲ್ಲಿ ಅವರಿಂದ ವಸೂಲು ಮಾಡಿದರು. ಹಳೆಯ ಕೈ ಇಂದಿಗೂ ಸಿಕ್ಕಿಲ್ಲ. ಠಾಣೆಯ ಮೇಲ್ಸೇತುವೆಯನ್ನು ಹತ್ತುವಾಗಲೆಲ್ಲ ಅವರ ಕಣ್ಣು ಈಗಲೂ ನೆಲದ ಮೇಲೆಯೇ ಇರುತ್ತದೆ.